ನೀರುಗಂಟಿಯ ಬ್ರಷ್ಷು

"ಸಾರ್, ಬಾನೆಟ್ ಒಳಕ್ಕೆ ನೀರ್ ಬುಡ್ಬೇಡಿ. ಇಂಜಿನ್ನು ಅದು, ಎತ್ತಿನ ಮೈ ಅಲ್ಲ."

ನಲ್ಲಪ್ಪ ಹೇಳುವಷ್ಟರಲ್ಲಿ ಕನ್ನಡಕದ ಯುವಕ ಬಾನೆಟ್ ಎತ್ತಿ, ನೀರಿನ ಗನ್ನನ್ನು ಒಳಕ್ಕೆ ತೂರಿಸಿ ಆಗಿತ್ತು. ನಲ್ಲಪ್ಪ ಓಡಲಿಲ್ಲ, ಬೈಯಲೂ ಇಲ್ಲ. ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತಿ ನೀರು ನಿಲ್ಲಿಸಿ, ಹೆಗಲ ಮೇಲಿನ ಟವೆಲು ತೆಗೆದು ಕೊಟ್ಟ.

"ಒರೆಸ್ಕಳಿ. ಒಂದರ್ಧ ಗಂಟೆ ಬಿಸ್ಲಲ್ಲಿ ನಿಲ್ಸಿ ಆಮ್ಯಾಕೆ ಸ್ಟಾರ್ಟ್ ಮಾಡಿ."

"ಯೂಟ್ಯೂಬಲ್ಲಿ ಹಿಂಗೇ ತೊಳೀತಾರೆ ಅಂಕಲ್."

"ತೊಳೀತಾರೆ ಬುಡಿ. ಆಮ್ಯಾಕೆ ಗಾಡೀನ ತಳ್ಕಂಡ್ ಓಗೋದನ್ನ ತೋರ್ಸಕ್ಕಿಲ್ಲ ಅಷ್ಟೆ."

ಯುವಕ ನಗಬೇಕೋ ಬೇಡವೋ ತಿಳಿಯದೆ ಟವೆಲು ಹಿಡಿದು ನಿಂತ. ಅಷ್ಟರಲ್ಲಿ ತಲೆಯ ಮೇಲಿಂದ ಒಂದು ದನಿ ಗುಡುಗಿತು. "ನಲ್ಲಪ್ಪಣ್ಣ! ಮೂರನೇ ಬೇ ನೋಡಿ! ಡೋರ್ ಮ್ಯಾಟ್ ತೊಳೀತಾವ್ರೆ!" ಸರದಿಯಲ್ಲಿ ನಿಂತವರೆಲ್ಲ ಆಕಾಶ ನೋಡಿದರು. ಮೂರನೇ ಅಂಕಣದಲ್ಲಿ ಮನೆಯ ಕಾಲೊರೆಸುಗಳನ್ನು ಗೋಡೆಗೆ ಒರಗಿಸಿ ನೀರು ಹೊಡೆಯುತ್ತಿದ್ದ ದಂಪತಿ ಗನ್ನು ಕೆಳಗಿಟ್ಟು, ದೇವರೇ ಮಾತಾಡಿದ ಹಾಗೆ ಬೆಚ್ಚಿಬಿದ್ದರು.

ಅದು ದೇವರಲ್ಲ, ಮಾಲೀಕ ಮುರಳಿ. ಕ್ಯಾಮೆರಾದ ಜೊತೆಗೇ ಸ್ಪೀಕರ್ ಇತ್ತು. ಸರ್ಜಾಪುರದ ತನ್ನ ಮನೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತ, ತೋಚಿದಾಗ ಕೂಗುತ್ತಿದ್ದ.

ಸರ್ಜಾಪುರದಿಂದ ಅತ್ತಿಬೆಲೆಗೆ ಹೋಗುವ ರಸ್ತೆಯಲ್ಲಿ, 'ನಿಮ್ಮ ಗಾಡಿ ನೀವೇ ತೊಳೆಯಿರಿ' ಎಂಬ ಹಲಗೆಯ ಕೆಳಗೆ ಮೂರು ಅಂಕಣಗಳ ಆ ಜಾಗ. ಟೋಕನ್ ಹಾಕಿದರೆ ಮೊದಲು ನೀರು, ಆಮೇಲೆ ಉದ್ದ ಹಿಡಿಯ ಬ್ರಷ್ಷಿನಿಂದ ನೊರೆ, ಕೊನೆಗೆ ಮತ್ತೆ ನೀರು. ತೊಳೆಯುವವರು ಬಂದವರೇ. ನಲ್ಲಪ್ಪನ ಕೆಲಸ ನೋಡಿಕೊಳ್ಳುವುದು ಮಾತ್ರ. ಆ ನೋಡಿಕೊಳ್ಳುವುದರಲ್ಲಿ ಎಲ್ಲವೂ ಸೇರಿತ್ತು. ಮೈ ಉಜ್ಜುವ ಬ್ರಷ್ಷಿನಿಂದ ಚಕ್ರದ ಕೆಸರು ಕೆರೆಯುವವರು, ಗನ್ನಿನಿಂದ ಒಬ್ಬರಿಗೊಬ್ಬರು ನೀರೆರಚುವ ಗೆಳೆಯರು, ಡಿಕ್ಕಿಯಲ್ಲಿ ಕೊತ್ತಂಬರಿ ಕಂತೆ ತಂದು ತೊಳೆದ ಮುದುಕಿ ಒಬ್ಬಳು. ಮುದುಕಿಗೆ ಅವನು ಏನೂ ಹೇಳಿರಲಿಲ್ಲ. ಅವಳು ಹೋದ ಮೇಲೆ ಮೋರಿಯ ಜಾಲರಿಯಿಂದ ಎಲೆಗಳನ್ನು ಆರಿಸಿ ತೆಗೆದಿದ್ದ.

ಇದು ಅವನ ಮನೆತನದ ಕೆಲಸ ಎಂದರೂ ತಪ್ಪಲ್ಲ. ಅವನ ಅಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅಪ್ಪನ ಪಾಲಿಗೆ ಬಂದದ್ದು. ಕೆರೆ ಈಗಲೂ ಇದೆ, ಅದರ ನೀರು ಹಾಯುತ್ತಿದ್ದ ಗದ್ದೆಗಳಿಲ್ಲ. ಕದ್ದು ಬದು ಒಡೆದವನನ್ನು ಅಪ್ಪ ಬೈಯುತ್ತಿರಲಿಲ್ಲ. ಏರಿಯ ಮೇಲೆ ನಿಂತು ಒಂದೇ ಒಂದು ಸಲ ಹೆಸರು ಹಿಡಿದು ಕೂಗುತ್ತಿದ್ದ. "ಬೈದ್ರೆ ಅಗೆ ಆಯ್ತಾನೆ, ಎಸ್ರು ಕರುದ್ರೆ ನಾಚ್ಕತಾನೆ" ಎನ್ನುತ್ತಿದ್ದ. ನೀರು ಬಿಡುವ ಮುಂಚೆ ಕಾಲುವೆಯ ಉದ್ದಕ್ಕೂ ಬರಿಗಾಲಲ್ಲಿ ನಡೆದು ಬರುತ್ತಿದ್ದ. ಯಾಕಪ್ಪ ಎಂದು ಕೇಳಿದರೆ, "ಮುಳ್ಳಿದ್ರೆ ಮೊದ್ಲು ನನ್ ಕಾಲ್ಗೆ ಚುಚ್ಲಿ ಕಣ್ಲಾ. ನಾಟಿ ಎಣ್ಮಕ್ಳ ಕಾಲ್ಗೆ ಬ್ಯಾಡ."

ಆ ನಡಿಗೆಯೇ ನಲ್ಲಪ್ಪನ ಕೈಗೆ ಬಂದಿತ್ತೋ ಏನೋ. ಒಂದೊಂದು ಗಾಡಿ ಹೋದ ಮೇಲೂ ಅವನು ಬ್ರಷ್ಷನ್ನು ನೀರಿಗೆ ಹಿಡಿದು, ಎಳೆಗಳನ್ನು ಬಿಡಿಸಿ, ಮುಂಗೈಯ ಮೇಲೆ ಎಳೆದು ನೋಡುತ್ತಿದ್ದ. ಒಂದು ಕಾಳು ಮರಳು ಉಳಿದರೂ ಮುಂದಿನ ಗಾಡಿಯ ಬಣ್ಣ ಗೀರುತ್ತದೆ. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

ಹೋದ ವಾರ ಯಾರೋ ಒಂದು ಕೊಳವೆ ಕಿತ್ತು ಹೋಗಿದ್ದರು. ಅದರ ಹಿಂದಿನ ವಾರ ಬ್ರಷ್ಷಿನ ಹಿಡಿ ಮುರಿದಿತ್ತು. ಮುರಳಿ ಖುದ್ದಾಗಿ ಬಂದು, ಹೊಂಗೆ ಮರದ ಕೆಳಗೆ ನಲ್ಲಪ್ಪನ ಸ್ಟೂಲಿನ ಪಕ್ಕ ನಿಂತು ಹೇಳಿದ್ದ: "ನಂಗೇನಿಲ್ಲ ನಲ್ಲಪ್ಪಣ್ಣ. ಆದ್ರೆ ಪಾರ್ಟ್‌ನರ್ ಕೇಳ್ತಾ ಇಲ್ಲ. ಇನ್ನೊಂದು ಕಂಪ್ಲೇಂಟ್ ಬಂದ್ರೆ ಆಳು ಯಾಕೆ, ಬರೀ ಕ್ಯಾಮೆರಾ ಸಾಕು ಅಂತಾನೆ." ನಲ್ಲಪ್ಪ ತಲೆಯಾಡಿಸಿದ್ದ. ಆ ಸಂಜೆ ಮನೆಯಲ್ಲಿ ಹೆಂಡತಿ ರಾಮಮ್ಮನಿಗೆ ಅದನ್ನು ಹೇಳಲಿಲ್ಲ. ಅರವತ್ತೆರಡರ ಅವನಿಗೆ ಇನ್ನೊಂದು ಕೆಲಸ ಯಾರೂ ಕೊಡುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಬಂದು, ಮೋಟಾರಿಗೆ ಒಂದು ಊದುಬತ್ತಿ ಹಚ್ಚಿ, ಗಂಗಮ್ಮನನ್ನು ನೆನೆದು ಮೊದಲ ನೀರು ಬಿಡುವ ಆ ಗಳಿಗೆ ಇಲ್ಲದೆ ದಿನ ಹೇಗೆ ಶುರುವಾಗಬೇಕು ಎಂಬುದು ಅವನಿಗೂ ತಿಳಿಯುತ್ತಿರಲಿಲ್ಲ.

ನಾಳೆ ಆಯುಧಪೂಜೆ. ಗಾಡಿಗಳ ಸಾಲು ರಸ್ತೆಯವರೆಗೆ ನಿಂತಿತ್ತು. ಬೆಳಿಗ್ಗೆಯೇ ನಲ್ಲಪ್ಪ ಮೂರೂ ಅಂಕಣಗಳ ಕಂಬಕ್ಕೆ ಬಾಳೆಕಂದು ಕಟ್ಟಿದ್ದ. ಮೊದಲನೆಯ ಅಂಕಣದಲ್ಲಿ ಒಂದು ಎಲೆ ಬಾಗಿ ಅಲ್ಲಿನ ಕ್ಯಾಮೆರಾದ ಅರ್ಧ ಕಣ್ಣು ಮುಚ್ಚಿತ್ತು. ಅದು ಅವನ ಗಮನಕ್ಕೆ ಬಂದಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ಆ ಸಾಲಿನಲ್ಲಿ ಒಂದು ಕಾರಿನ ಹಿಂದೆ, ಇನ್ನೊಂದು ಕಾರಿನ ಮುಂದೆ, ಕಾಂಕ್ರೀಟ್ ಕಲಸುವ ಮಿಲ್ಲರ್ ಯಂತ್ರ ನಿಂತಿತ್ತು. ಪಕ್ಕದ ಲೇಔಟಿನಿಂದ ಅದನ್ನು ಗಂಡ ಹೆಂಡತಿ ಇಬ್ಬರೇ ತಳ್ಳಿಕೊಂಡು ಬಂದಿದ್ದರು. ಗಂಡಸಿನ ಕೈಯಲ್ಲಿ ಟೋಕನ್ನೂ ಇತ್ತು.

"ಏನಪ್ಪ ಇದು?" ಎಂದ ನಲ್ಲಪ್ಪ.

"ನಮ್ಮ ಮಿಲ್ಲರ್ರೀ ಯಜಮಾನ್ರ. ನಾಳೆ ಖಂಡೆಪೂಜಿ ಐತಲ್ರಿ, ಮೈ ತೊಳ್ಯಾಕ ತಂದೀವ್ರಿ."

"ಬೋರ್ಡ್ ನೋಡ್ದ್ಯಾ? ವಾಹನಗಳಿಗೆ ಮಾತ್ರ ಅಂತ ಬರ್ದವ್ರೆ."

"ನೋಡೇನ್ರಿ. ಇದಕ್ಕೂ ಎರಡು ಗಾಲಿ ಅದಾವಲ್ರಿ. ಗಾಲಿ ಇದ್ದದ್ದು ಗಾಡಿ ಅಲ್ಲೇನ್ರಿ?"

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಇವರ ಮಾತ ಹಿಂಗ್ರಿ ಅಣ್ಣಾರ. ಸೈಟಿನ್ಯಾಗ ನೀರ್ ಬಂದಿಲ್ರಿ, ಟ್ಯಾಂಕರ್ ನಾಳೆ ಬರತೈತಂತ. ತೊಳೀದ ಪೂಜಿ ಹ್ಯಾಂಗ ಮಾಡೂದ್ರಿ?"

ಅವನ ಹೆಸರು ಸಂಗಣ್ಣ, ಅವಳು ಮಹಾದೇವಿ, ಬಾಗಲಕೋಟೆ ಕಡೆಯವರು. ನಲ್ಲಪ್ಪ ಯಂತ್ರದ ಹೊಟ್ಟೆಯನ್ನು ಒಮ್ಮೆ ತಟ್ಟಿ ನೋಡಿದ. ಅದರ ಮೈಮೇಲೆ ಸಿಮೆಂಟು ಪದರ ಪದರವಾಗಿ ಒಣಗಿತ್ತು. ಅನ್ನ ಕೊಡುವುದನ್ನು ವರ್ಷಕ್ಕೊಮ್ಮೆ ತೊಳೆದು ಕುಂಕುಮ ಇಡುತ್ತೇನೆ ಎಂದು ಬಂದವರಿಗೆ ಇಲ್ಲ ಎನ್ನಲು ಅವನ ಬಾಯಿ ಬರಲಿಲ್ಲ. "ತಳ್ಳಿ ಒಳಕ್ಕೆ," ಎಂದು ಮೊದಲನೆಯ ಅಂಕಣ ತೋರಿಸಿದ.

ನೀರಿಗೆ ಮಣ್ಣು ಹೋಯಿತು, ಕಲೆ ಹೋಗಲಿಲ್ಲ. ಸಂಗಣ್ಣ ಸೊಂಟದಿಂದ ಗಾರೆ ಬಳಿಯುವ ಕರಣೆ ತೆಗೆದು ಕೆರೆದ. ಅಂಗೈಯಿಂದ ಉಜ್ಜಿದ. ಉಗುರಿನ ಬಳಿ ರಕ್ತ ಬಂತು. ಅದನ್ನು ನೋಡಿದ ನಲ್ಲಪ್ಪ ನೊರೆಯ ಬ್ರಷ್ಷನ್ನು ಕೊಕ್ಕೆಯಿಂದ ತೆಗೆದು ತಾನೇ ಅವನ ಕೈಗೆ ಕೊಟ್ಟ. "ಮ್ಯಾಲ್ಮ್ಯಾಕೆ ಉಜ್ಜಪ್ಪ. ಆಮ್ಯಾಕೆ ನಾನ್ ತೊಳ್ಕತೀನಿ."

ಅಷ್ಟರಲ್ಲಿ ಮೂರನೆಯ ಅಂಕಣದಲ್ಲಿ ಸರದಿಗಾಗಿ ಇಬ್ಬರು ಕಾಲರ್ ಹಿಡಿದುಕೊಂಡರು. ಮುರಳಿ ಮೇಲಿಂದ ಕೂಗತೊಡಗಿದ. ನಲ್ಲಪ್ಪ ಹೋಗಿ ಇಬ್ಬರ ನಡುವೆ ನಿಂತು, ಒಬ್ಬನಿಗೆ ಎರಡನೆಯ ಅಂಕಣ ತೋರಿಸಿ, ಇನ್ನೊಬ್ಬನಿಗೆ ಕುಡಿಯಲು ನೀರು ಕೊಟ್ಟು ತಿರುಗಿ ಬರುವಷ್ಟರಲ್ಲಿ ಮಿಲ್ಲರ್ ಹೋಗಿತ್ತು. ಬ್ರಷ್ಷು ಒಪ್ಪವಾಗಿ ಕೊಕ್ಕೆಗೆ ಮರಳಿತ್ತು. ಸೋಪಿನ ಡಬ್ಬಿಯ ಪಕ್ಕದ ಕಟ್ಟೆಯ ಮೇಲೆ ಕರಣೆ ಬಿದ್ದಿತ್ತು, ಮರೆತು ಹೋಗಿದ್ದರು. ಅದನ್ನು ಎತ್ತಿ ಹಿಡಿದು ಅವರು ಹೋದ ದಾರಿ ನೋಡುತ್ತಿದ್ದ ಅವನ ಬೆನ್ನ ಹಿಂದೆ ಒಂದು ಕೆಂಪು ಪುಟ್ಟ ಕಾರು ಅದೇ ಅಂಕಣಕ್ಕೆ ಬಂತು.

ಕರ್ ಎಂಬ ಸಣ್ಣ ಸದ್ದು ಕೇಳಿಸಿದಾಗಲೇ ಅವನಿಗೆ ನೆನಪಾದದ್ದು.

"ಮೇಡಂ, ನಿಲ್ಸಿ! ಬ್ರಷ್ಷು ನಿಲ್ಸಿ!"

ತಡವಾಗಿತ್ತು. ನೊರೆಯನ್ನು ಕೈಯಿಂದ ಸರಿಸಿ ನೋಡಿದರೆ ಬಾನೆಟ್ಟಿನ ನಡುವೆ ಬಿಳಿಯ ಗೀರುಗಳು, ಕೋಳಿ ಕೆದರಿದ ಹಾಗೆ. ಕಾರಿನ ಒಡತಿ ಪದ್ಮಾವತಿ ಹೆಬ್ಬಗೋಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಾರು ಕೊಂಡು ಎರಡು ತಿಂಗಳು, ಹಿಂದಿನ ಗಾಜಿನ ಮೇಲೆ ಕಲಿಯುವವರ ಕೆಂಪು 'ಎಲ್' ಅಕ್ಷರ ಇನ್ನೂ ಕಿತ್ತಿರಲಿಲ್ಲ. ಅವಳು ಗೀರುಗಳ ಮೇಲೆ ಬೆರಳಾಡಿಸಿದಳು. ಇನ್ನೊಮ್ಮೆ ಆಡಿಸಿದಳು, ಸುಳ್ಳಿರಬಹುದೇನೋ ಎನ್ನುವಂತೆ.

"ನಾನು ಮೆತ್ತಗೇ ಉಜ್ಜಿದ್ದು. ನಾನೇನೂ ಒತ್ತಿಲ್ಲ," ಎಂದಳು. ಆಮೇಲೆ ದನಿ ಏರಿತು. "ಏನ್ ಬ್ರಷ್ ಇಟ್ಟಿದೀರ ಇಲ್ಲಿ? ನಾಳೆ ಮೊದಲನೇ ಪೂಜೆ ಕಣ್ರೀ ಈ ಗಾಡಿಗೆ! ನಮ್ಮನೇಲಿ ಎಲ್ಲಾ ಬರ್ತಾರೆ. ಇವಳಿಗೆ ಡ್ರೈವಿಂಗ್ ಬರಲ್ಲ, ಎಲ್ಲೋ ಗುದ್ದಿದಾಳೆ ಅಂತಾರೆ!"

"ಒಂದ್ನಿಮಿಷ ಮೇಡಂ!" ಮೇಲಿಂದ ಮುರಳಿಯ ದನಿ. "ಕ್ಯಾಮೆರಾ ಹಿಂದಕ್ಕೆ ಹಾಕಿ ನೋಡ್ತಾ ಇದೀನಿ. ಸಿಕ್ತು! ಯಾರೋ ಕಟ್ಟಡದೋನು, ಬ್ರಷ್ಷಲ್ಲಿ ಮಿಲ್ಲರ್ ಉಜ್ಜವ್ನೆ! ಕೇಳ್ದೆ ಕೈ ಹಾಕವ್ನೆ ಬಡ್ಡಿಮಗ! ಸಿಮೆಂಟ್ ಮರಳೆಲ್ಲ ಅದ್ರಲ್ಲೇ ಕೂತದೆ."

ಅದೇ ಹೊತ್ತಿಗೆ ಗೇಟಿನಲ್ಲಿ ಸಂಗಣ್ಣ ಕಾಣಿಸಿದ. ಹಿಂದೆ ಮಹಾದೇವಿ. ಓಡಿ ಬಂದಿದ್ದ ಅವನು ಏದುಸಿರು ಬಿಡುತ್ತ ನಕ್ಕ. "ಯಜಮಾನ್ರ, ನನ್ನ ಕರಣಿ ಬಿಟ್ಟು ಹೋಗಿದ್ನಿ..."

"ಅವ್ನೇ! ಅವ್ನೇ ಅದು! ನಲ್ಲಪ್ಪಣ್ಣ, ಕೊಡ್ಬೇಡಿ ಅದನ್ನ! ಅವನ ಮೇಸ್ತ್ರಿ ನರಸಿಂಹಯ್ಯ ನಂಗೊತ್ತು. ಫೋನ್ ಮಾಡ್ತೀನಿ. ಇವತ್ತೇ ಕೆಲಸ ಬಿಡಿಸ್ತಾನೆ!"

ಸಂಗಣ್ಣನ ನಗು ಮುಖದಲ್ಲೇ ನಿಂತುಬಿಟ್ಟಿತು. ಯಾರು ಮಾತಾಡುತ್ತಿದ್ದಾರೆ ಎಂದು ಮೇಲೆ ನೋಡಿದ. ಕಾರು ನೋಡಿದ. ಗೀರು ನೋಡಿದ. ತಿಳಿಯಿತು. ಅವನು ನಲ್ಲಪ್ಪನ ಮುಖ ನೋಡಲಿಲ್ಲ, 'ನೀವೇ ಕೊಟ್ಟಿರಲ್ಲ' ಎನ್ನಲಿಲ್ಲ. ಎರಡೂ ಕೈ ಜೋಡಿಸಿ ಪದ್ಮಾವತಿಯ ಮುಂದೆ ನಿಂತ. "ತಪ್ಪಾತ್ರೀ ಅಕ್ಕಾರ. ಗೊತ್ತಾಗಲಿಲ್ರಿ."

ನಲ್ಲಪ್ಪನ ಕೈಯಲ್ಲಿ ಕರಣೆ ಇತ್ತು. ಮರದ ಹಿಡಿ ಸವೆದು ಒಂದೇ ಒಂದು ಅಂಗೈಯ ಅಳತೆಗೆ ತಗ್ಗಾಗಿತ್ತು. ಅವನ ಅಪ್ಪನ ತೂಬಿನ ಸಲಾಕೆಯೂ ಹೀಗೇ ಸವೆದಿತ್ತು, ಬೇರೆ ಯಾರು ಹಿಡಿದರೂ ಕೈಗೆ ಕೂರುತ್ತಿರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಸುಮ್ಮನಿರುವುದು ಸುಳ್ಳು ಹೇಳಿದಂತೆಯೂ ಅಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ರಾಮಮ್ಮನ ಮುಖ ಕಣ್ಣ ಮುಂದೆ ಹಾಯಿತು.

ಅವನು ಕಂಬದ ಹತ್ತಿರ ಹೋಗಿ, ಬಾಗಿದ್ದ ಬಾಳೆಯೆಲೆಯನ್ನು ಕೈಯಿಂದ ಸರಿಸಿ, ಕ್ಯಾಮೆರಾದ ಮುಂದೆ ಮುಖ ಎತ್ತಿ ನಿಂತ.

"ಮುರಳಪ್ಪ. ನಾನು ಕಾಣ್ತಾ ಇವ್ನಾ?"

"ಕಾಣ್ತಾ ಇದೀರ. ಯಾಕೆ?"

"ಬ್ರಷ್ಷು ಕೊಟ್ಟೋನು ನಾನು. ಅವರು ಮುಟ್ಟಿರಲಿಲ್ಲ, ನಾನೇ ತಗ್ದು ಕೈಗಿಟ್ಟೆ. ಎಲೆ ಅಡ್ಡ ಇತ್ತು, ನಿನಗೆ ಕಂಡಿಲ್ಲ. ಆಮ್ಯಾಕೆ ತೊಳ್ಕತೀನಿ ಅಂದಿದ್ದೂ ನಾನೇ, ತೊಳೀದೆ ಬಿಟ್ಟಿದ್ದೂ ನಾನೇ."

ಸ್ಪೀಕರು ಗೊರಗುಟ್ಟಿತು. ಆಮೇಲೆ, ಈಚೆಗೆ ಅವನ ಬಾಯಲ್ಲಿ ಕೇಳಿರದ ಸಣ್ಣ ದನಿಯಲ್ಲಿ, "ಏನ್ ನಲ್ಲಪ್ಪಣ್ಣ ನೀವು... ನಾನು ಹೇಳಿರ್ಲಿಲ್ವಾ?" ಎಂದ ಮುರಳಿ. "ಸಾಯಂಕಾಲ ಬರ್ತೀನಿ."

ನಲ್ಲಪ್ಪ ಕರಣೆಯನ್ನು ಟವೆಲಿಗೆ ಒರೆಸಿ ಸಂಗಣ್ಣನ ಕೈಗೆ ಕೊಟ್ಟ.

"ಒಪ್ಕೊಂಡ್ಬಿಟ್ರೆ ಗೀರು ಹೋಗುತ್ತಾ?" ಎಂದಳು ಪದ್ಮಾವತಿ.

"ಓಗಕ್ಕಿಲ್ಲ ತಾಯಿ."

ಬಿಸಿಲಿಗೆ ಕಾರಿನ ಮೇಲಿನ ನೊರೆ ಚಟಪಟನೆ ಒಡೆಯುತ್ತಿತ್ತು.

"ನೊರೆ ಒಣಗ್ತಾ ಐತೆ. ಒಣಗುದ್ರೆ ಅದೂ ಕಲೆ ಆಯ್ತದೆ. ಅರ್ಧಕ್ಕೆ ಬುಡಬಾರ್ದು. ನಾನ್ ತೊಳ್ಕೊಡ್ಲಾ?"

ಅವಳು ಪಕ್ಕಕ್ಕೆ ಸರಿದಳು. ನಲ್ಲಪ್ಪ ಬ್ರಷ್ಷು ಮುಟ್ಟದೆ, ಟವೆಲನ್ನು ನೀರಲ್ಲಿ ಅದ್ದಿ ಕೈಯಿಂದಲೇ ಒರೆಸತೊಡಗಿದ. ಸಂಗಣ್ಣ ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಚೆ ಬದಿಗೆ ಹೋದ. ಮಹಾದೇವಿ ಸೆರಗನ್ನು ಸೊಂಟಕ್ಕೆ ಕಟ್ಟಿ, ಮಗುವಿನ ಕಿವಿ ಒರೆಸುವಷ್ಟು ಮೆಲ್ಲಗೆ ಬಾಗಿಲ ಹಿಡಿಗಳ ಸಂದಿ ಒರೆಸಿದಳು. ಸರದಿಯಲ್ಲಿದ್ದವರು ಯಾರೂ ಹಾರನ್ ಹೊಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪದ್ಮಾವತಿ ತಾನೇ ಗನ್ನು ಎತ್ತಿಕೊಂಡು, ಅವರ ಕೈಗಳಿಗೆ ತಾಗದ ಹಾಗೆ ದೂರದಿಂದ ನೀರು ಬಿಟ್ಟಳು.

ಕಾರು ಹೊಳೆಯಿತು. ಗೀರುಗಳೂ ಹೊಳೆದವು.

"ನಾಳೆ ಕುಂಕುಮ ಹಚ್ಚೋದು ಈ ಜಾಗಕ್ಕೇ," ಎಂದಳು ಅವಳು, ಯಾರಿಗೂ ಅಲ್ಲ ಎಂಬಂತೆ. ಬಾಗಿಲು ತೆಗೆದು ಕೂತ ಮೇಲೆ ಗಾಜಿಳಿಸಿ, "ಆದ್ರೂ ನೋವಾಗಿದೆ ಅಂಕಲ್," ಎಂದಳು.

"ಆಯ್ತದೆ ತಾಯಿ."

ಕಾರು ನಿಧಾನವಾಗಿ, ಎರಡು ಸಲ ನಿಂತು, ರಸ್ತೆಗೆ ಇಳಿಯಿತು. ಗಂಡ ಹೆಂಡತಿ ಕೈಮುಗಿದು ಹೊರಟರು. ಮುಂದಿನ ಕಾರಿನವನು ಒಳಗೆ ಬಂದು, ಕೊಕ್ಕೆಯ ಕಡೆ ಕೈ ಚಾಚಿದ.

"ತಡೀರಿ ಸಾರ್, ಒಂದೇ ಗಳಿಗೆ."

ನಲ್ಲಪ್ಪ ಬ್ರಷ್ಷನ್ನು ಇಳಿಸಿ ನೀರಿಗೆ ಹಿಡಿದ. ಎಳೆ ಎಳೆ ಬಿಡಿಸಿದ. ಬೂದು ಬಣ್ಣದ ನೀರು ಕಾಲಬಳಿ ಹರಿದು, ತಿಳಿಯಾಗಿ, ಜಾಲರಿಯೊಳಗೆ ಇಳಿಯಿತು. ಮುಂಗೈಯ ಮೇಲೆ ಎಳೆದು ನೋಡಿದ. ಸಾಲದೆನಿಸಿತು. ಕಣ್ಣು ಮುಚ್ಚಿ, ಬ್ರಷ್ಷನ್ನು ಎತ್ತಿ, ತನ್ನ ಕೆನ್ನೆಯ ಮೇಲೆ ಮೆಲ್ಲಗೆ ಒಮ್ಮೆ ಎಳೆದ. ಮತ್ತೊಮ್ಮೆ ಎಳೆದ.

ಮೇಲೆ ಕ್ಯಾಮೆರಾದ ಸಣ್ಣ ದೀಪ ಉರಿಯುತ್ತಿತ್ತು. ದನಿ ಬರಲಿಲ್ಲ. ಬಿಳಿ ಗಡ್ಡದ ಕುಡಿಯಿಂದ ಒಂದು ಹನಿ ನೀರು ಜಾರಿ ಬಿತ್ತು. ಅವನು ಬ್ರಷ್ಷನ್ನು ಆ ಮನುಷ್ಯನ ಕೈಗೆ ಕೊಟ್ಟ.