ಬಲಗಾಲಿನ ಸಮಾಧಿ

"ಏ ಮುದುಕಾ, ಹೆಲ್ಮೆಟ್ ಹಾಕ್ಕೊಳ್ದೆ ಒಂದ್ ಹೆಜ್ಜೆ ಇಡಂಗಿಲ್ಲ. ನಿನ್ ತಲೆ ಮೇಲೆ ಕಲ್ಲು ಬಿದ್ರೆ ತಲೆನೋವು ಕಂಪನಿಗೆ."

ಆರ್ಲಿಸ್ ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು ಹೆಲ್ಮೆಟ್ ತೊಟ್ಟ. ಅಪ್ಪ, ಅಜ್ಜಂದಿರ ಸಮಾಧಿ ನೋಡಬೇಕೆಂದರೂ ಈಗ ಕಂಪನಿಯ ಗೇಟಿನಲ್ಲಿ ಸಹಿ ಹಾಕಿ, ಸುರಕ್ಷತೆಯ ಪಾಠ ಕೇಳಬೇಕು. ವೆಸ್ಟ್ ವರ್ಜೀನಿಯಾದ ಇದೇ ಬೆಟ್ಟದ ಹೊಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಕಲ್ಲಿದ್ದಲು ಕಡಿದು, ಬಲಗಾಲನ್ನು ಅಲ್ಲೇ ಕಳೆದುಕೊಂಡವನಿಗೆ, ಸರಿಯಾಗಿ ಮೀಸೆಯೂ ಮೂಡದ ಸರ್ವೆ ಅಧಿಕಾರಿ ಕರ್ಬಿ ಅಪಾಯ ಎಂದರೇನು ಅಂತ ಅರ್ಧ ಗಂಟೆ ಬೋಧಿಸಿದ.

ಬೆಟ್ಟ ಅಂತ ಉಳಿದದ್ದು ಆ ಸ್ಮಶಾನದ ದಿಬ್ಬ ಮಾತ್ರ. ಸುತ್ತಲಿನದನ್ನೆಲ್ಲ ಮದ್ದಿಟ್ಟು ಹಾರಿಸಿ, ಮಣ್ಣುಕಲ್ಲನ್ನು ಕಣಿವೆಗೆ ತಳ್ಳಿ, ಎರಡು ಹಳ್ಳಗಳನ್ನು ಜೀವಂತ ಹೂತಿದ್ದರು. ದಿಬ್ಬದ ಇಳಿಜಾರಿನ ಒರತೆಯೊಂದೇ ಬಾಕಿ. ಕೆಳಗಿನ ಹದಿನಾಲ್ಕು ಮನೆಗಳು ಕುಡಿಯುವುದು ಅದರ ನೀರನ್ನೇ. ಸಮಾಧಿಯಿಂದ ನೂರು ಅಡಿಯೊಳಗೆ ಅಗೆಯುವಂತಿಲ್ಲ ಎಂಬ ಕಾನೂನಿತ್ತು. ಬದುಕಿದ್ದವರ ಮಾತಿಗಿಂತ ಸತ್ತವರ ಮೌನಕ್ಕೇ ಅಲ್ಲಿ ಹೆಚ್ಚು ಬೆಲೆ.

ಕರ್ಬಿ ಒಂಬತ್ತು ಸಮಾಧಿಗಳಿಗೆ ಕೆಂಪು ಬಾವುಟ ಚುಚ್ಚಿದ. ಒರತೆ ಅವುಗಳಿಂದ ನೂರಿಪ್ಪತ್ತು ಅಡಿ ದೂರ, ಕಾನೂನಿನ ಗಡಿಯಾಚೆ. ಖುಷಿಯಾಗಿ ಟೇಪು ಸುತ್ತತೊಡಗಿದ.

"ಒರತೆ ಪಕ್ಕದ್ ಕಲ್ಲು ಬುಟ್ಬುಟ್ಟೆ ಕಣಯ್ಯ," ಎಂದ ಆರ್ಲಿಸ್. "ಅದೂ ಸಮಾಧೀನೇ."

"ಯಾರ್ದು?"

"ನಂದೇ."

"ಬೆಳಿಗ್ಗೇನೇ ಏರಿಸ್ಕೊಂಡ್ ಬಂದಿದೀಯಾ, ತಾತಾ?"

"ನನ್ ಬಲಗಾಲು ಮಲಗೈತೆ ಅಲ್ಲಿ. ನಮ್ಮವ್ವ ಪಾದ್ರಿ ಕರ್ಸಿ, ಪ್ರಾರ್ಥನೆ ಮಾಡ್ಸಿ ಹೂಣ್ಸಿದ್ಲು. ಇಲ್ಲದ್ ಬೆರಳು ಮಡಚ್ಕೊಂಡು ನೋಯ್ತೈತೆ ಅಂತ ನಾನು ಬಡ್ಕೊಂಡೆ. ಮತ್ತೆ ಅಗ್ಸಿ, ಬೆರಳೆಲ್ಲ ನೆಟ್ಟಗ್ ಮಾಡಿ ಮಲಗ್ಸಿದ್ಲು. ಅವತ್ತಿಂದ ನೋವಿಲ್ಲ. ನಿಮ್ ಕಂಪನಿ ಡಾಕ್ಟ್ರ ಕೈಲಿ ಆಗ್ದಿದ್ದು ನಮ್ಮವ್ವನ್ ಗುದ್ದಲೀಲಿ ಆಯ್ತು."

ಆ ಕಣಿವೆಯಲ್ಲಿ ಇದು ಹೊಸದಲ್ಲ. ಗಣಿ ಕಿತ್ತುಕೊಂಡ ಕೈಕಾಲುಗಳನ್ನು ಮನೆಯವರು ಹೀಗೇ ಮಣ್ಣು ಮಾಡುತ್ತಿದ್ದರು.

ಕರ್ಬಿ ಬಿದ್ದು ಬಿದ್ದು ನಕ್ಕ. ಆದರೂ ಫೋನು ಹಚ್ಚಿ ಮೇಲಿನವರನ್ನು ಕೇಳಿದ. ಆಮೇಲೆ ನ್ಯಾಯಾಧೀಶನ ಮುಖ ಮಾಡಿಕೊಂಡು ಹೇಳಿದ. "ಆಗಲ್ವಂತೆ. ಸಮಾಧಿ ಅಂದ್ರೆ ಒಳಗೆ ಸತ್ತಿರೋ ಮನುಷ್ಯ ಇರ್ಬೇಕು. ನೀನು ಪೂರ್ತಿ ಸತ್ತಿಲ್ಲ. ನಾಳೆ ಹತ್ತು ಗಂಟೆಗೆ ಒರತೆ ಹತ್ರ ಮದ್ದಿಡ್ತೀವಿ."

"ಪೂರ್ತಿ ಸಾಯ್ಬೇಕಾ?"

"ರೂಲ್ಸು, ತಾತಾ."

ಆರ್ಲಿಸ್ ಎದೆ ಹಿಂಡುವಂತೆ ಕೆಮ್ಮಿ, ಕಂಪನಿ ಕೊಟ್ಟಿದ್ದ ಕಪ್ಪು ಧೂಳನ್ನು ಕರ್ಬಿಯ ಬೂಟಿನ ಪಕ್ಕ ಉಗುಳಿದ. ಕುಂಟುತ್ತ ಇಳಿದುಹೋಗಿ, ಹೆಲ್ಮೆಟ್ ತೆಗೆದು, ಅದರಲ್ಲೇ ಒರತೆಯ ನೀರು ಮೊಗೆದು ಕುಡಿದ. ಊರುಗೋಲನ್ನು ಬದಿಗಿಟ್ಟು ತನ್ನ ಕಾಲಿನ ಪಕ್ಕದಲ್ಲಿ ಉದ್ದಕ್ಕೆ ಮಲಗಿದ.

"ಏಳು, ನಿನ್ ಟೈಮು ಮುಗೀತು."

"ಡಾಕ್ಟ್ರೂ ಅದೇ ಅಂದವ್ರೆ. ಇನ್ನಾರ್ ತಿಂಗ್ಳಂತೆ. ಕಾಲು ಮುಂಚೇನೇ ಬಂದೈತೆ, ಮಿಕ್ಕಿದ್ದು ಸೇರೋಗಂಟ ಇಲ್ಲೇ ಇರ್ತೀನಿ. ಟೇಪ್ ಇಡ್ಕೊಳ್ಳೊ ಬೋಳಿಮಗನೆ, ನನ್ ಹಿಮ್ಮಡಿಯಿಂದ ಅಳೆ ನೂರಡಿ."

ಕರ್ಬಿ ಮತ್ತೆ ಫೋನು ಹಚ್ಚಿದ. "ಸರ್, ಮುದುಕ ಮಲಗ್ಬಿಟ್ಟಿದಾನೆ. ಇಲ್ಲ ಸರ್, ಉಸಿರಾಡ್ತಿದಾನೆ. ಎಷ್ಟ್ ಹೊತ್ತು ಅಂತ ಹೇಳೋಕಾಗಲ್ಲ ಸರ್."

ಆರ್ಲಿಸ್ ಎಡಗಾಲಿನ ಬೂಟು ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿಕೊಂಡ.