ಕಿಚ್ಚಿನ ಹೊಲ

ಮಧ್ಯಾಹ್ನ ಕರೆಂಟು ಹೋದರೆ ಅಕ್ಕಯಮ್ಮ ಮೊದಲು ಮಾಡುತ್ತಿದ್ದ ಕೆಲಸ ಕೋಲ್ಡ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು. ಯಾರೂ ಬಾಗಿಲು ತೆಗೆಯಬಾರದು. ಒಳಗೆ ಊರಿನ ಹತ್ತಾರು ಮನೆಗಳ ಗುಲಾಬಿ ಬಿಗಿದ ಮೊಗ್ಗಿನಲ್ಲಿ ಬಕೆಟ್ಟು ಬಕೆಟ್ಟು ನಿಂತಿರುತ್ತಿತ್ತು. ತಂಪು ತಪ್ಪಿತೋ, ಬೆಳಗಾಗುವಷ್ಟರಲ್ಲಿ ಮೊಗ್ಗು ಬಾಯಿಬಿಡುತ್ತಿತ್ತು. ಅರಳಿದ ಗುಲಾಬಿಯನ್ನು ಹೂವಿನ ಮಂಡಿಯವರು ಕಣ್ಣೆತ್ತಿಯೂ ನೋಡುವುದಿಲ್ಲ. ಹೋದ ಬೇಸಿಗೆಯಲ್ಲಿ ಅವರೂರಿನ ತಿಪ್ಪೆಯಷ್ಟು ಚೆಂದದ ತಿಪ್ಪೆ ಹೊಸಕೋಟೆ ತಾಲ್ಲೂಕಿನಲ್ಲೇ ಇರಲಿಲ್ಲ. ಕೆಂಪು, ಹಳದಿ, ಕೇಸರಿ ಎಲ್ಲ ಬಣ್ಣವೂ ಅಲ್ಲಿತ್ತು.

ಜನರೇಟರು ಇತ್ತು. ಅದು ಡೀಸೆಲ್ ಕುಡಿಯುವ ವೇಗ ನೋಡಿದರೆ ಹೂವು ಬೆಳೆಯುವುದು ಅದಕ್ಕಾಗಿಯೇ ಏನೋ ಅನ್ನಿಸುತ್ತಿತ್ತು. ಬೆಳೆಗಾರರೆಲ್ಲ ಸೇರಿ ಕಟ್ಟಿಕೊಂಡ ಸಂಘಕ್ಕೆ ಅಕ್ಕಯಮ್ಮನೇ ಅಧ್ಯಕ್ಷೆ. ಆದ್ದರಿಂದ ಬೈಗುಳವೂ ಮೊದಲು ಅವಳಿಗೇ ಬರುತ್ತಿತ್ತು. ಮೂರು ಮನೆಯವರು ಆಗಲೇ ಹೂವು ಬೆಳೆಯುವ ಪಾಲಿಹೌಸಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿಸಿ ಮಾರಿದ್ದರು. ಇನ್ನೊಂದು ಬೇಸಿಗೆ ಹೀಗೇ ಹೋದರೆ ಸಂಘ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ಮೈದುನ ಕೆಂಪರಾಜ್ ಗ್ಯಾಸಿನ ಸುದ್ದಿ ತಂದ. ಮೊದಲು ಸೈಟು ತೋರಿಸುವ ಬ್ರೋಕರ್ ಆಗಿದ್ದವನು, ಈಗ ಯಾವ ಕಂಪನಿ ಅನುಗೊಂಡನಹಳ್ಳಿ ಕಡೆ ಕಾಲಿಟ್ಟರೂ ಮೊದಲ ಕಾಫಿ ಅವನ ಜೊತೆಗೇ ಕುಡಿಯುವಷ್ಟು ಬೆಳೆದಿದ್ದ.

"ಅತ್ತಿಗೆ, ಸಮುದ್ರದ ಆಚೆಯಿಂದ ಹಡಗಲ್ಲಿ ಗ್ಯಾಸ್ ಬರುತ್ತೆ. ನೀರಿನ ಥರಾ ಮಾಡಿ, ಐಸಿಗಿಂತ ನೂರು ಪಾಲು ತಣ್ಣಗೆ ಮಾಡಿ ತರ್ತಾರೆ. ಬಂದರಲ್ಲಿ ಇಳಿಸ್ಕೊಂಡು ಲಾರಿ ಟ್ಯಾಂಕರಲ್ಲಿ ಇಲ್ಲಿಗೆ ತಂದು ತುಂಬ್ತಾರೆ. ಇಲ್ಲಿ ಅದನ್ನ ಬಿಸಿ ಮಾಡಿ ಮತ್ತೆ ಗ್ಯಾಸ್ ಮಾಡಿ, ಆ ಗ್ಯಾಸಲ್ಲಿ ಇಂಜಿನ್ ಓಡ್ಸಿ ಕರೆಂಟ್ ತೆಗೀತಾರೆ. ಫ್ಯಾಕ್ಟರಿಗಳಿಗೂ ಕೊಡ್ತಾರೆ, ನಮಗೂ ಕೊಡ್ತಾರೆ."

"ಅಷ್ಟು ತಣ್ಣಗಿರೋದನ್ನ ಬಿಸಿ ಮಾಡ್ತಾರಲ್ಲ, ಆ ತಂಪು ಎಲ್ಲಿಗೆ ಹೋಗುತ್ತೆ?" ಎಂದು ಅಕ್ಕಯಮ್ಮ ಕೇಳಿದಳು.

ಕೆಂಪರಾಜ್ ತಲೆ ಕೆರೆದುಕೊಂಡ. "ಅದನ್ನ ನಾನು ಕೇಳ್ಲಿಲ್ಲ."

ಉತ್ತರ ಕೊಟ್ಟದ್ದು ಆ ಘಟಕದ ನಕ್ಷೆ ಹಾಕುತ್ತಿದ್ದ ಕಂಪನಿಯ ಇಂಜಿನಿಯರು ಪದ್ಮಶ್ರೀ. ಮೂವತ್ತರ ಆಸುಪಾಸಿನ ಹುಡುಗಿ. ಕಾಲಿಗೆ ದಪ್ಪ ಬೂಟು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಬಂದವಳನ್ನು ನೋಡಿ ಊರ ನಾಯಿಗಳೂ ಬೊಗಳುವುದೋ ಬೇಡವೋ ಎಂದು ಯೋಚಿಸಿದ್ದವು. ಆ ತಂಪನ್ನು ಪೈಪಿನಲ್ಲಿ ಕೋಲ್ಡ್ ರೂಮಿಗೆ ತಿರುಗಿಸಬಹುದು, ಹಾಗೆ ಮಾಡಲು ತನಗೂ ಆಸೆಯಿದೆ ಎಂದು ಅವಳು ಹೇಳಿದಾಗ ಅಕ್ಕಯಮ್ಮನಿಗೆ ಎದೆಯಲ್ಲಿ ಏನೋ ಸಡಿಲವಾದಂತಾಯಿತು.

ಕಂಪನಿಯವರಿಗೆ ಇಷ್ಟವಾದದ್ದು ಊರಿನ ಪೂರ್ವಕ್ಕೆ, ಟಾರು ರಸ್ತೆಗೆ ಅಂಟಿಕೊಂಡಿದ್ದ ಅಕ್ಕಯಮ್ಮನ ಹೊಲ. ಪಕ್ಕದ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಜಮೀನು ಉಳಿಸಿಕೊಳ್ಳಲು ಜನ ವರ್ಷಗಟ್ಟಲೆ ಧರಣಿ ಕೂತದ್ದನ್ನು ಅವಳು ಕಂಡಿದ್ದಳು. "ಮಾರೋದಿಲ್ಲ, ಗುತ್ತಿಗೆಗೆ ಬೇಕಾದ್ರೆ ಕೊಡ್ತೀನಿ. ನನ್ನ ಹೆಸರು ಪಹಣಿಯಲ್ಲಿ ಹಾಗೇ ಇರಬೇಕು" ಎಂದಳು. ಅವರು ಒಪ್ಪಿದರು. ನೆಲಮಂಗಲದ ಕಡೆ ಇನ್ನೊಂದು ಜಾಗವನ್ನೂ ನೋಡುತ್ತಿದ್ದಾರೆ ಎಂಬ ಮಾತೂ ಕಿವಿಗೆ ಬಿತ್ತು. ಎಲ್ಲವೂ ಸರಿಹೋಗುವಂತಿತ್ತು, ಒಂದನ್ನು ಬಿಟ್ಟು.

ಆ ಹೊಲಕ್ಕೆ ಊರಿನವರು ಕರೆಯುತ್ತಿದ್ದ ಹೆಸರು ಕಿಚ್ಚಿನ ಹೊಲ. ಸಂಕ್ರಾಂತಿಯ ಸಂಜೆ ಊರಿನ ದನಗಳೆಲ್ಲ ಕಿಚ್ಚು ಹಾಯುತ್ತಿದ್ದದ್ದು ಅಲ್ಲೇ. ಮನೆಗೊಂದು ಹೊರೆಯಂತೆ ಹುಲ್ಲು ತಂದು ಸಾಲಾಗಿ ಹರವಿ, ಬೆಂಕಿ ಹಚ್ಚಿ, ಕೊಂಬಿಗೆ ಬಣ್ಣ ಬಳಿದ ದನಗಳನ್ನು ಉರಿಯ ಮೇಲೆ ಹಾರಿಸುತ್ತಿದ್ದರು. ಆ ಬೆಂಕಿಗೆ ಮೊದಲ ಕೊಳ್ಳಿ ಹೋಗುತ್ತಿದ್ದದ್ದು ಅಕ್ಕಯಮ್ಮನ ಒಲೆಯಿಂದ. ಅವಳ ಅತ್ತೆ ಕೊಟ್ಟ ಹಕ್ಕು ಅದು. ಗ್ಯಾಸ್ ಒಲೆ ಬಂದ ಮೇಲೂ ಆ ಒಂದು ದಿನಕ್ಕಾಗಿ ಹಿತ್ತಲಲ್ಲಿ ಮೂರು ಕಲ್ಲು ಉಳಿಸಿಕೊಂಡಿದ್ದಳು.

ಮೊದಲ ಸಲ ಬಂದಾಗಲೇ ಪದ್ಮಶ್ರೀ ಹೊಲದ ಬದುವಿನಲ್ಲಿ ನಿಂತು ಕೇಳಿದ್ದಳು. "ಈ ಸುತ್ತಮುತ್ತ ಬೆಂಕಿ ಹಚ್ಚೋದು ಏನಾದ್ರೂ ಇದ್ಯಾ? ಇಟ್ಟಿಗೆ ಗೂಡು, ಕಸ ಸುಡೋದು, ಏನಾದ್ರೂ?"

"ಎಲ್ಲಿ ಬೆಂಕಿ ಮೇಡಂ!" ಕೆಂಪರಾಜ್ ಎರಡೂ ಕೈ ಆಡಿಸಿದ್ದ. "ನಮ್ಮೂರಲ್ಲಿ ಬೀಡಿ ಸೇದೋರೂ ಇಲ್ಲ."

ಅವನ ಹಿಂದೆಯೇ ನಿಂತಿದ್ದ ಬೈಲಪ್ಪ ಹಚ್ಚಲು ತೆಗೆದ ಬೀಡಿಯನ್ನು ಮೆಲ್ಲಗೆ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ. ಊರಿನಲ್ಲಿ ಹಳ್ಳಿಕಾರ್ ಎತ್ತು ಇನ್ನೂ ಕಟ್ಟಿದ್ದವನು ಅವನೊಬ್ಬನೇ. ಕಿಚ್ಚಿನಲ್ಲಿ ಮೊದಲು ಹಾರುತ್ತಿದ್ದದ್ದು ಅವನ ಜೋಡಿಯೇ. ಅಕ್ಕಯಮ್ಮ ಅಂದು ಬಾಯಿ ತೆರೆಯಲಿಲ್ಲ. ತಿಪ್ಪೆಯ ಗುಲಾಬಿ ಕಣ್ಣಮುಂದೆ ಬಂದಿತ್ತು. ಆದರೆ ಮನೆಗೆ ಬಂದವಳು ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು, ಹಿತ್ತಲಿಗೆ ಹೋಗಿ ಮೂರು ಕಲ್ಲಿನ ಮುಂದೆ ಕುಳಿತಳು.

ಇನ್ನು ಕೊನೆಯ ಅಳತೆ ಒಂದು ಬಾಕಿ. ಅದು ಆದ ಮೇಲೆ ನಕ್ಷೆ ಮೇಲಕ್ಕೆ ಹೋಗುತ್ತದೆ. ಪದ್ಮಶ್ರೀ ಫೋನ್ ಮಾಡಿ ಜನವರಿ ಮಧ್ಯದಲ್ಲಿ ಯಾವಾಗ ಬರಲಿ ಎಂದು ಕೇಳಿದಾಗ ಕೆಂಪರಾಜ್ ಉಬ್ಬಿಹೋದ.

"ಸಂಕ್ರಾಂತಿಗೇ ಬನ್ನಿ ಮೇಡಂ! ಅವರೆಕಾಳು, ಗೆಣಸು, ಕಡ್ಲೆಕಾಯಿ, ಎಲ್ಲಾ ಬೇಯ್ಸಿರ್ತೀವಿ. ಹಬ್ಬದ ದಿನ ನಮ್ಮೂರಿಗೆ ಬರ್ಲಿಲ್ಲಾಂದ್ರೆ ನಮಗೇ ಬೇಜಾರು!"

ಫೋನ್ ಇಟ್ಟವನ ಮುಖವನ್ನು ಅಕ್ಕಯಮ್ಮ ನೋಡುತ್ತಲೇ ಇದ್ದಳು.

"ಯಾಕತ್ತಿಗೆ ಹಂಗ್ ನೋಡ್ತೀಯ?"

"ಹಬ್ಬದ ದಿನ ಸಂಜೆ ಆ ಹೊಲದಲ್ಲಿ ಏನು ನಡೆಯುತ್ತೆ ಕೆಂಪರಾಜ?"

ಕರೆಯದೆ ಇದ್ದರೆ ಮರ್ಯಾದೆ ಹೋಗುತ್ತದೆ ಎಂದು ಕರೆದವನು, ಕರೆದದ್ದರಿಂದ ಏನು ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ಆಮೇಲೆ ಸಾವರಿಸಿಕೊಂಡ. "ಬೆಳಿಗ್ಗೆ ಬರ್ತಾಳೆ, ಮಧ್ಯಾಹ್ನ ಊಟ ಹಾಕಿ ಮೂರು ಗಂಟೆಗೆ ಕಳಿಸ್ಬಿಡೋಣ. ನೀನು ಸುಮ್ಮನಿರು ಸಾಕು."

ಹಬ್ಬದ ದಿನ ಬಂತು. ಪದ್ಮಶ್ರೀ ಬೆಳಿಗ್ಗೆಯೂ ಬರಲಿಲ್ಲ, ಮಧ್ಯಾಹ್ನವೂ ಬರಲಿಲ್ಲ. ಊರಿಗೆ ಹೊರಟವರ ಕಾರುಗಳೆಲ್ಲ ಹೊಸಕೋಟೆ ಟೋಲಿನಲ್ಲಿ ಸೇರಿಕೊಂಡು, ಅವಳ ಜೀಪು ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಆಗಲೇ ಹೊಲದಲ್ಲಿ ಹುಲ್ಲು ಬಿದ್ದಿತ್ತು. ಕೆಂಪರಾಜ್ ಓಡಿಹೋಗಿ ಅದರ ಮೇಲೆ ಪಾಲಿಹೌಸಿನ ಹಳೇ ಹಾಳೆ ಎಳೆದಿದ್ದ. ಹುಲ್ಲು ಎಲ್ಲ ಕಡೆಯಿಂದಲೂ ಇಣುಕುತ್ತಿತ್ತು.

"ಇಷ್ಟೊಂದು ಹುಲ್ಲು ಯಾಕೆ?" ಎಂದಳು ಪದ್ಮಶ್ರೀ.

"ಹಸುಗಳಿಗೆ ಮೇಡಂ," ಎಂದ ಕೆಂಪರಾಜ್, ಹಣೆ ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಅಕ್ಕಯಮ್ಮ ಎಳ್ಳು ಬೆಲ್ಲದ ತಟ್ಟೆ ಹಿಡಿದು ಬಂದಳು. ಹಬ್ಬದ ದಿನ ಬಂದವರಿಗೆ ಮೊದಲು ಅದು, ಆಮೇಲೆ ಮಾತು. ಪದ್ಮಶ್ರೀ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಪದ್ಧತಿಯಂತೆ ತಾನೂ ಒಂದು ಚಿಟಿಕೆ ತೆಗೆದು ಅಕ್ಕಯಮ್ಮನಿಗೆ ಕೊಟ್ಟಳು. ಹುರಿದ ಎಳ್ಳು, ಕೊಬ್ಬರಿ, ಬೆಲ್ಲ ನಾಲಿಗೆಯ ಮೇಲೆ ಕರಗುತ್ತಿತ್ತು. ಒಳ್ಳೆಯ ಮಾತಾಡುತ್ತೇವೆಂದು ಒಪ್ಪಿಕೊಂಡು ತಿನ್ನುವ ತಿನಿಸು ಅದು. ಆ ಸಿಹಿ ಬಾಯಲ್ಲಿಟ್ಟುಕೊಂಡು ಈ ಹುಡುಗಿಯನ್ನು ಜೀಪು ಹತ್ತಿಸಿ ಕಳಿಸುವುದು ಅಕ್ಕಯಮ್ಮನಿಂದ ಆಗಲಿಲ್ಲ.

"ಆ ಹುಲ್ಲು ಹಸುಗಳಿಗೇನೇ ಕಣಮ್ಮ," ಎಂದಳು. "ಆದ್ರೆ ತಿನ್ನೋಕಲ್ಲ."

"ಅತ್ತಿಗೇ..." ಎಂದ ಕೆಂಪರಾಜ್.

"ನೀನು ಸುಮ್ಮನಿರು ಸಾಕು." ಅವನ ಮಾತನ್ನೇ ಅವನಿಗೆ ಹಿಂತಿರುಗಿಸಿ, ಅಕ್ಕಯಮ್ಮ ಎಲ್ಲವನ್ನೂ ಹೇಳಿದಳು. ಕಿಚ್ಚು ಎಲ್ಲಿ ಹಚ್ಚುತ್ತಾರೆ, ಉರಿ ಎಷ್ಟೆತ್ತರ ಏಳುತ್ತದೆ, ಕಿಡಿ ಯಾವ ಕಡೆ ಹಾರುತ್ತದೆ, ಯಾವುದನ್ನೂ ಬಿಡಲಿಲ್ಲ.

ಪದ್ಮಶ್ರೀ ಹುಲ್ಲಿನಿಂದ ಹೊಲದ ಹುಣಸೆಮರದವರೆಗೆ ಕಣ್ಣಲ್ಲೇ ಅಳೆದಳು. ಆಮೇಲೆ ಬದುವಿನ ಮೇಲೆ ಕುಳಿತಳು.

"ಅಮ್ಮ, ಈ ಗ್ಯಾಸ್ ಸೋರಿದ್ರೆ ಸೀದಾ ಮೇಲಕ್ಕೆ ಹೋಗಲ್ಲ. ತಣ್ಣಗಿರೋವರೆಗೂ ಭಾರ. ನೆಲ ಹಿಡ್ಕೊಂಡು, ತಗ್ಗು ಹುಡುಕ್ಕೊಂಡು ಹರಿಯುತ್ತೆ. ಎಲ್ಲೋ ಒಂದು ಕಡೆ ಉರಿ ಸಿಕ್ಕಿದ್ರೆ ಸಾಕು."

ಬೆಳಗಿನ ಜಾವ ಕೆರೆಯಿಂದೆದ್ದ ಮಂಜು ಹೊಲದ ಕಾಲುವೆ ಹಿಡಿದು ಹರಿಯುವುದನ್ನು ಅಕ್ಕಯಮ್ಮ ಎಷ್ಟೋ ಸಲ ನೋಡಿದ್ದಳು. ಅವಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

"ನಕ್ಷೇಲಿ ಟ್ಯಾಂಕು ನಾನು ಅಲ್ಲಿ ಬರೆದಿದ್ದೆ," ಪದ್ಮಶ್ರೀ ಹುಣಸೆಮರದ ಕಡೆ ಕೈ ತೋರಿಸಿದಳು. "ಹುಲ್ಲು ಬಿದ್ದಿರೋದು ಅದರ ತಗ್ಗಿಗೆ."

ಕೆಂಪರಾಜ್ ಹಾಳೆಯ ಒಂದು ತುದಿ ಹಿಡಿದು ನಿಂತೇ ಇದ್ದ. ಈಗ ಅದನ್ನು ಬಿಟ್ಟ. "ಹಂಗಾದ್ರೆ ನೆಲಮಂಗಲಕ್ಕೇ ಹೋಗುತ್ತಾ ಮೇಡಂ?"

"ಇಲ್ಲಿ ಎರಡರಲ್ಲಿ ಒಂದೇ ಇರೋಕಾಗೋದು. ಟ್ಯಾಂಕು ಬಂದ ಮೇಲೆ ಒಂದು ಕಡ್ಡಿನೂ ಗೀರೋ ಹಾಗಿಲ್ಲ. ಕಿಚ್ಚು ನಿಮ್ಮದು, ಅದರ ಬಗ್ಗೆ ನಾನು ಹೇಳೋಕೆ ಬರಲ್ಲ."

ಅಷ್ಟು ಹೊತ್ತಿಗೆ ಬೈಲಪ್ಪ ಎತ್ತು ಹಿಡಿದುಕೊಂಡು ಬಂದಿದ್ದ. ಕೊಂಬಿಗೆ ಬಣ್ಣ, ಕೊರಳಿಗೆ ಕಡ್ಲೆಕಾಯಿ ಸರ, ಮೈಮೇಲೆ ಹೊದಿಸಿದ ಬಣ್ಣದ ಬಟ್ಟೆಯ ಗೌನು. ಹಿಂದೆ ಉಳಿದವರ ಸೀಮೆಹಸುಗಳು ಏನಾಗುತ್ತಿದೆ ಎಂದು ತಿಳಿಯದೆ ಹಗ್ಗ ಜಗ್ಗುತ್ತಿದ್ದವು. ಅಕ್ಕಯಮ್ಮ ಅವನಿಗೆ ವಿಷಯ ಹೇಳಿ, ಮುಂದಿನ ವರ್ಷದಿಂದ ಕಿಚ್ಚನ್ನು ಬೇರೆ ಕಡೆ ಹಚ್ಚೋಣ ಎಂದಳು.

"ಏನಂದೆ?" ಬೈಲಪ್ಪ ಸಿಡಿದ. "ಕಿಚ್ಚಿನ ಜಾಗ ಬದಲಾಯ್ಸೋಕೆ ಅದೇನು ಬಸ್ ಸ್ಟಾಪೇನಮ್ಮಿ? ನಮ್ಮಪ್ಪನ ಕಾಲದ್ದು!"

"ನಿಮ್ಮಪ್ಪನ ಕಾಲದಲ್ಲಿ ಈ ರಸ್ತೆ ಇತ್ತಾ ಬೈಲಣ್ಣ? ಹೋದ ವರ್ಷ ಕಾರಿನ ಹಾರನ್ನಿಗೆ ಬೆದರಿ ಪಾಪಯ್ಯನ ಹಸು ಟಾರಿನ ಮೇಲೆ ಜಾರಿ ಬೀಳ್ಲಿಲ್ವಾ? ಎತ್ತೋಕೆ ನೀನೇ ಬಂದಿದ್ದೆ."

"ಅದು ಬೇರೆ ಮಾತು."

"ನಿನ್ನ ಎತ್ತು ಎಲ್ಲಿ ಮೈ ತೊಳ್ಕೊಂಡು ಬರುತ್ತೆ?"

"ಕೆರೇಲಿ. ಇನ್ನೆಲ್ಲಿ?"

"ಪಡುವಣ ಕೆರೆಯಿಂದ ಊರು ಸುತ್ತಿ ಮೂಡಲಿಗೆ ಯಾಕೆ ತರ್ತೀಯ? ದನ ಊರೊಳಕ್ಕೆ ಬರೋ ದಾರೀಲಿ ತಾನೆ ಕಿಚ್ಚು ಇರಬೇಕಾದ್ದು?"

ಬೈಲಪ್ಪ ಒಂದು ಎತ್ತಿನ ಕೊಂಬನ್ನು ಸವರುತ್ತ ಕೆರೆಯ ಕಡೆ ನೋಡಿದ. ಆಮೇಲೆ ಅವನ ಮುಖದ ಮೇಲೆ, ತಾನು ಇನ್ನೂ ಒಪ್ಪುವ ಮೊದಲೇ, ನಗು ಬಂದುಬಿಟ್ಟಿತು.

"ಥೂ! ನಮ್ಮಪ್ಪನೇ ಹೇಳ್ತಿದ್ದ. ಮೊದ್ಲು ಕಿಚ್ಚು ಇದ್ದದ್ದು ಕೆರೆ ಅಂಗಳದಲ್ಲೇ ಅಂತೆ. ಕೋಡಿ ಬಿದ್ದು ಅಂಗಳವೆಲ್ಲ ಕೆಸರಾದ ವರ್ಷ ನಿಮ್ಮ ಮಾವ, ನಮ್ಮ ಹೊಲದಲ್ಲಿ ಹಚ್ಕೊಳ್ಳಿ ಅಂದನಂತೆ. ಆಮೇಲೆ ಇಲ್ಲೇ ಉಳ್ಕೊಂತು."

"ಹಾಗಾದ್ರೆ ಅದು ನಮ್ಮ ಹೊಲಕ್ಕೆ ನೆಂಟರ ಥರ ಬಂದಿದ್ದು," ಎಂದಳು ಅಕ್ಕಯಮ್ಮ. "ಈಗ ಮನೆಗೆ ಹೋಗುತ್ತೆ."

"ಬೆಂಕಿ ಮಾತ್ರ ನಿನ್ನ ಒಲೆದೇ ಬರಬೇಕು. ಅಷ್ಟು ದೂರ ಹೊತ್ಕೊಂಡು ಬರ್ತೀಯಾ?"

"ಕಾಲಿರೋವರೆಗೂ ಬರ್ತೀನಿ."

"ಆಮೇಲೆ, ಏನಮ್ಮಾ ಇಂಜಿನಿಯರು," ಬೈಲಪ್ಪ ಪದ್ಮಶ್ರೀ ಕಡೆ ತಿರುಗಿದ. "ಅಷ್ಟೊಂದು ಕರೆಂಟು ಮಾಡೋರು, ಕೆರೆ ದಾರಿಗೆ ನಾಲ್ಕು ದೀಪ ಹಾಕ್ಸಿ. ಕತ್ತಲಲ್ಲಿ ಎತ್ತು ಎಡವಬಾರ್ದು."

ಪದ್ಮಶ್ರೀ ನಕ್ಕಳು. "ಬರ್ಕೊಳ್ತೀನಿ ತಾತ. ಆದ್ರೆ ಒಪ್ಪಿಗೆ ಕೊಡೋದು ನಾನಲ್ಲ. ನಕ್ಷೆ ಮತ್ತೆ ಹಾಕಬೇಕು, ಕೆರೆ ಅಂಗಳ ಎಷ್ಟು ದೂರ ಅಂತ ಅಳೀಬೇಕು. ಸ್ವಲ್ಪ ತಡ ಆಗುತ್ತೆ." ಅಕ್ಕಯಮ್ಮನ ಕಡೆ ನೋಡಿ ದನಿ ತಗ್ಗಿಸಿದಳು. "ನೀವು ಹೇಳ್ದೆ ಇದ್ದು, ಆಮೇಲೆ ಗೊತ್ತಾಗಿದ್ರೆ, ಕೆಲಸ ಅರ್ಧಕ್ಕೇ ನಿಂತುಹೋಗೋದು. ಗೊತ್ತಾಗದೇ ಹೋಗಿದ್ರೆ ಅದಕ್ಕಿಂತ ಕೆಟ್ಟದ್ದು. ಈಗ ಇದು ಇಲ್ಲೇ ಆಗಬೇಕು ಅಂತ ನಾನೇ ಮೇಲಿನವರ ಹತ್ರ ವಾದ ಮಾಡಬಹುದು."

"ಬೇಸಿಗೆ ಹೊತ್ತಿಗೆ?" ಎಂದು ಅಕ್ಕಯಮ್ಮ ಕೇಳಿದಳು.

"ಈ ಬೇಸಿಗೆಗೆ ಇಲ್ಲಮ್ಮ. ಸುಳ್ಳು ಹೇಳಲ್ಲ."

ಅಂದರೆ ಇನ್ನೊಂದು ಬೇಸಿಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಅಕ್ಕಯಮ್ಮ ಮನಸ್ಸಿನಲ್ಲೇ ಸಂಘದ ಒಂದೊಂದು ಮನೆಯನ್ನೂ ನೆನೆದಳು. ಕೊನೆ ಕಾಣುವ ಕಷ್ಟವಾದರೆ ಜನ ಒಂದು ಬೇಸಿಗೆ ತಡೆದುಕೊಳ್ಳುತ್ತಾರೆ. ನಾಳೆಯೇ ಸಭೆ ಕರೆದು ಹೇಳಬೇಕು, ತಡವಾಗುತ್ತದೆ ಎನ್ನುವುದನ್ನೂ ಸೇರಿಸಿ.

"ಸರಿ, ಈ ವರ್ಷದ್ದು ಇಲ್ಲೇ ಆಗಲಿ," ಎಂದು ಹಿತ್ತಲಿಗೆ ಹೋಗಿ ಮೂರು ಕಲ್ಲಿನ ಒಲೆಯಿಂದ ಕೊಳ್ಳಿ ತಂದಳು. ಕೆಂಪರಾಜ್ ತಾನೇ ಹಾಕಿದ್ದ ಹಾಳೆಯನ್ನು ತಾನೇ ಎಳೆದು ಮಡಿಚಿದ. ಹುಲ್ಲು ಚಟಪಟ ಎಂದು ಹತ್ತಿಕೊಂಡಿತು. ಬೈಲಪ್ಪ ಹೋ ಎಂದು ಕೂಗಿದ್ದೇ ತಡ, ಹಳ್ಳಿಕಾರ್ ಜೋಡಿ ಉರಿಯ ಮೇಲೆ ಒಂದೇ ನೆಗೆತಕ್ಕೆ ಹಾರಿತು. ಮಕ್ಕಳು ಕೇಕೆ ಹಾಕಿದರು. ಸೀಮೆಹಸುಗಳು ಎಂದಿನಂತೆ ಪಕ್ಕಕ್ಕೆ ನುಗ್ಗಿ, ಹಗ್ಗ ಹಿಡಿದವರನ್ನೇ ಹಾರಿಸಿದವು. ಪದ್ಮಶ್ರೀ ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಚಿಕ್ಕ ಹುಡುಗಿಯಂತೆ ಬಾಯಿಬಿಟ್ಟು ನೋಡುತ್ತಿದ್ದಳು.

ಕಿಚ್ಚು ಆರಿದ ಮೇಲೆ ಎಲ್ಲರೂ ದನ ಹೊಡೆದುಕೊಂಡು ಮನೆಯ ಕಡೆ ಹೊರಟರು. ಬೈಲಪ್ಪ ಮಾತ್ರ ಎತ್ತುಗಳನ್ನು ಕೆರೆಯ ಕಡೆ ತಿರುಗಿಸಿದ.

"ಅತ್ಲಾಗೆ ಎಲ್ಲಿಗೆ ಬೈಲಣ್ಣ?" ಎಂದಳು ಅಕ್ಕಯಮ್ಮ.

"ದಾರಿ ತೋರ್ಸಿಡ್ತೀನಿ ಇವಕ್ಕೆ. ಮುಂದಿನ ವರ್ಷ ಬೆದರಬಾರ್ದಲ್ಲ."

ಪದ್ಮಶ್ರೀ ಜೀಪಿನಿಂದ ಅಳತೆಯ ಟೇಪು ತಂದಳು. ಅಕ್ಕಯಮ್ಮ ಸೆರಗು ಸಿಕ್ಕಿಸಿಕೊಂಡು ಅದರ ಒಂದು ತುದಿ ಹಿಡಿದಳು. ಕೆಂಪರಾಜ್ ಫೋನಿನ ಬೆಳಕು ಬಿಡುತ್ತ ಹಿಂದೆ ಬಂದ. ಎತ್ತಿನ ಕೊರಳಿನ ಗೆಜ್ಜೆಯ ಸದ್ದು ಹಿಡಿದು ಮೂವರೂ ಕೆರೆ ಅಂಗಳದ ಕಡೆ ನಡೆದರು.