ಬಾಲ ಎತ್ತಿದ ಸೊಳ್ಳೆ

"ಇದಲ್ಲ! ಅಯ್ಯೋ ದೇವ್ರೇ, ಇದಲ್ಲ ಕಣಯ್ಯಾ!"

ಗಾಡಿಯಿಂದ ಇಳಿಸಿದ ಶವಪೆಟ್ಟಿಗೆಯ ಮೇಲಿನ ಟಾರ್ಪಾಲನ್ನು ಅನಾಂಗ್ ಮೇಸ್ತ್ರಿ ಆಗಷ್ಟೇ ಸರ್ರನೆ ಎಳೆದು, ಶಹಭಾಸ್ ಅನ್ನಿಸಿಕೊಳ್ಳಲು ಎದೆಯುಬ್ಬಿಸಿ ನಿಂತಿದ್ದ. ಸಿಕ್ಕಿದ್ದು ಲಾಮಿಲೆಯ ಈ ಕೂಗು. ಗಂಡನನ್ನು ಮಣ್ಣು ಮಾಡುವ ದಿನ ಹೆಂಡತಿ ಅಳುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ಇದು ಅಳುವಲ್ಲ, ಸಂತೆಯಲ್ಲಿ ಕೊಳೆತ ಮೀನು ಕಟ್ಟಿಕೊಟ್ಟವನ ಮೇಲೆ ಹರಿಹಾಯುವ ದನಿ. ಶಾಮಿಯಾನದಡಿ ಕಪ್ಪು ಬಿಳಿ ಬಟ್ಟೆಯಲ್ಲಿ ಕೂತಿದ್ದ ಜನವೆಲ್ಲ ಕುರ್ಚಿ ಬಿಟ್ಟೆದ್ದರು.

ಪೆಟ್ಟಿಗೆ ಸೊಳ್ಳೆಯ ಆಕಾರದಲ್ಲಿತ್ತು. ಆಳುದ್ದದ ಮರದ ಮೈ, ಬಾಗಿಸಿದ ಕಬ್ಬಿಣದ ಕಾಲುಗಳು, ಈಟಿಯಂಥ ಮೂತಿ, ಬೆನ್ನ ಮೇಲೆ ಮುಚ್ಚಳವಾಗಿ ಎರಡು ರೆಕ್ಕೆ. ಕಡಲಂಚಿನ ಟೆಶಿ ಊರಿನ ಜನ ಸತ್ತವನನ್ನು ಅವನವನ ಕಸುಬಿನ ಆಕಾರದ ಪೆಟ್ಟಿಗೆಯಲ್ಲೇ ಕಳಿಸುವುದು. ಲಾಮಿಲೆಯ ಮಾವ ದೋಣಿಯಲ್ಲಿ ಹೋದ. ಮೆಣಸು ಮಾರುತ್ತಿದ್ದ ಪಕ್ಕದ ಮನೆಯ ಅಜ್ಜಿ ಕೆಂಪು ಮೆಣಸಿನಕಾಯಿಯಲ್ಲಿ ಹೋದಳು. ಲಾಮಿಲೆಯ ಗಂಡ ಸೋವಾ ಮೂವತ್ತು ವರ್ಷ ಸೊಳ್ಳೆ ಹಿಡಿದವನು. ಪ್ರಯೋಗಾಲಯದವರಿಗೆ, ಸಂಬಳಕ್ಕೆ, ತನ್ನ ಬರಿಗಾಲಿನ ಮೇಲೆ.

"ಏನವ್ವಾ ಕುಂದು?" ಅನಾಂಗ್‌ನ ಮುಖ ಸಣ್ಣದಾಯಿತು. "ನನ್ನ ಕೈ ಕಚ್ಚಿದ ಸೊಳ್ಳೇನೇ ಹೊಡೆದು, ಕಾಗದಕ್ಕೆ ಅಂಟಿಸಿ, ನೋಡ್ಕೊಂಡು ನೋಡ್ಕೊಂಡು ಕೆತ್ತಿದ್ದೀನಿ. ಮೀಸೆ ಕೂಡ ಬಿಟ್ಟಿಲ್ಲ."

"ಎಲ್ಲಿ ಕಚ್ತು?"

"ನನ್ನ ಅಂಗಡೀಲೇ. ಹಿಂದೆ ಚರಂಡಿ ಇದ್ಯಲ್ಲ..."

"ಅದೇ ಹೇಳ್ದೆ! ಚರಂಡಿ ಸೊಳ್ಳೆ ಕೆತ್ತಿಟ್ಟಿದ್ದೀಯ! ಅದು ಗೂನು ಬೆನ್ನು ಮಾಡ್ಕೊಂಡು ಚಪ್ಪಟೆ ಕೂರತ್ತೆ. ಜ್ವರದ ಸೊಳ್ಳೆ ಹಾಗಲ್ಲ ಕಣೋ, ತಲೆ ಕೆಳಗೆ ಹಾಕಿ ಅಂಡೆತ್ತಿ ನಿಲ್ಲತ್ತೆ. ರೆಕ್ಕೆ ಮೇಲೆ ಚುಕ್ಕೆ ಇರತ್ತೆ. ನನ್ನ ಗಂಡ ಹಿಡಿದಿದ್ದು ಅದನ್ನ!"

ಪ್ರಯೋಗಾಲಯದಿಂದ ಬಂದಿದ್ದ ಡಾಕ್ಟರ್ ಮಾವುಸಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಟಾರ್ಪಾಲು ಸರಿದ ಗಳಿಗೆಯಲ್ಲೇ ಅವಳ ಕಣ್ಣಿಗೂ ಬಿದ್ದಿತ್ತು. ಸಾವಿನ ಮನೆಯಲ್ಲಿ ಹೇಗೆ ಹೇಳುವುದೆಂದು ಸುಮ್ಮನಿದ್ದಳು ಪಾಪ.

"ಸೊಳ್ಳೆಲಿ ಎಂಥಾ ಜಾತಿ ಮತ?" ಹಿಂದಿನಿಂದ ಬಂದ ದನಿಗೆ ಜನ ದಾರಿ ಬಿಟ್ಟರು. ಸೋವಾನ ಅಣ್ಣ ಬೋಯೆ, ದೋಣಿ ಯಜಮಾನ, ಅಪ್ಪನ ನಂತರ ಮನೆತನಕ್ಕೆ ಹಿರಿಯ. ಅವನು ನೆಲಕ್ಕೆ ಸಾರಾಯಿ ಎರೆದು ಪೂರ್ವಜರನ್ನು ಕರೆಯದೆ ಪೆಟ್ಟಿಗೆ ಏಳುವ ಹಾಗಿಲ್ಲ. "ನೋಡು ಲಾಮಿಲೆ, ನೀನು ಹಟ ಹಿಡಿದೆ ಅಂತ ಮನಸ್ಸಿಲ್ಲದ ಮನಸ್ಸಿಂದ ಹ್ಞೂಂ ಅಂದಿದ್ದೆ. ಈಗ ನೀನೇ ಇದಲ್ಲ ಅಂತಿದ್ದೀಯ. ಒಳ್ಳೇದೇ ಆಯ್ತು. ಅನಾಂಗ್ ಅಂಗಡೀಲಿ ಮೀನಿನ ಪೆಟ್ಟಿಗೆ ರೆಡಿ ಇದೆ. ತರಿಸ್ತೀನಿ. ನನ್ನ ತಮ್ಮ ಮರ್ಯಾದೆಯಿಂದ ಹೋಗಲಿ."

"ಮೀನಿನಲ್ಲಿ ಬೇಡ ಭಾವ. ಅವರಿಗೆ ಮಾತು ಕೊಟ್ಟಿದ್ದೀನಿ."

"ಮಾತು ಕೊಟ್ಟಿದ್ದು ಯಾವುದಕ್ಕೆ? ಈ ಚರಂಡಿ ಸೊಳ್ಳೆಗಾ?"

ಯಾರೋ ಕಿಸಕ್ಕೆಂದರು. ಲಾಮಿಲೆ ಮನೆ ಬಾಗಿಲ ಕಡೆ ತಿರುಗಿದಳು. ಒಳಗೆ ಹಿತ್ತಾಳೆ ಮಂಚದ ಮೇಲೆ ಬಿಳಿ ಬಟ್ಟೆಯಲ್ಲಿ ಮಲಗಿದ್ದಾನೆ ಅವನು. ಒಂದು ದಿನವೂ ತಪ್ಪು ಸೊಳ್ಳೆಯನ್ನು ತಪ್ಪು ಲೋಟಕ್ಕೆ ಹಾಕದವನು. ಮೀನಿನಲ್ಲಿ ಹೋದರೆ ಅವನ ಬದುಕೇ ಸುಳ್ಳಾಗುತ್ತದೆ. ಇದರಲ್ಲಿ ಹೋದರೆ ನಗೆಪಾಟಲು. ಬೇರೆ ಪೆಟ್ಟಿಗೆ ಕೆತ್ತಲು ಹೊತ್ತಿಲ್ಲ.

*

ಮದುವೆಯಾದಾಗ ಸೋವಾ ಅಣ್ಣನ ದೋಣಿಯಲ್ಲಿದ್ದ. ಮಂಗಳವಾರ ಕಡಲದೇವರ ದಿನವೆಂದು ಯಾರೂ ನೀರಿಗಿಳಿಯುವುದಿಲ್ಲವಲ್ಲ, ಆವತ್ತು ಮಾತ್ರ ಇಡೀ ದಿನ ಮಗಳು ಡೇಡೆಯದು. ಡೇಡೆ ಅಂದರೆ ಮನೆಯ ಮೊದಲ ಹೆಣ್ಣುಮಗು. ಅಪ್ಪನ ಹೆಗಲಿಂದ ಇಳಿದರೆ ದೊಡ್ಡಪ್ಪನ ಹೆಗಲು, ನೆಲಕ್ಕೆ ಕಾಲಿಟ್ಟಿದ್ದೇ ಕಮ್ಮಿ.

ಅವಳಿಗೆ ಎರಡು ತುಂಬಿದ ವರ್ಷ, ಮಳೆಗಾಲದಲ್ಲಿ, ಜ್ವರ ಬಂತು. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಕಣ್ಣು ಮೇಲೆ ಮಾಡಿತು. ರಸ್ತೆ ತುಂಬ ನೀರು, ಒಂದು ಗಾಡಿಯೂ ಇಲ್ಲ. ಬೋಯೆ ಮಗುವನ್ನು ತಲೆಯ ಮೇಲೆ ಎತ್ತಿ ಹಿಡಿದು, ಎದೆಮಟ್ಟದ ನೀರಿನಲ್ಲಿ ನಡೆದು ಆಸ್ಪತ್ರೆ ಮುಟ್ಟಿಸಿದ. ಮಲೇರಿಯಾ, ತಡವಾಯಿತು ಎಂದರು. ವಾಪಸ್ಸು ಎತ್ತಿಕೊಂಡು ಬಂದವನೂ ಅವನೇ.

ಮುಂದಿನ ವರ್ಷ ಮಲೇರಿಯಾ ಪ್ರಯೋಗಾಲಯದವರು ಸೊಳ್ಳೆ ಹಿಡಿಯಲು ಜನ ಹುಡುಕಿಕೊಂಡು ಬಂದರು. ಕತ್ತಲಾದ ಮೇಲೆ ಪ್ಯಾಂಟು ಮಡಚಿ ಕೂರಬೇಕು. ಸೊಳ್ಳೆ ಕಾಲಿನ ಮೇಲೆ ಕೂತದ್ದು ಗೊತ್ತಾದ ತಕ್ಷಣ, ಅದು ಕಚ್ಚುವ ಮೊದಲೇ, ರಬ್ಬರ್ ಕೊಳವೆಯಿಂದ ಬಾಯಲ್ಲಿ ಹೀರಿ ಲೋಟಕ್ಕೆ ಊದಬೇಕು. ರೋಗ ಬಾರದಂತೆ ಮೊದಲೇ ಮಾತ್ರೆ ಕೊಡುತ್ತಾರೆ. ಊರು ಊರೇ ಹೊಟ್ಟೆ ಹಿಡಿದು ನಕ್ಕಿತು. ಸೋವಾ ನಗಲಿಲ್ಲ, ಹೋಗಿ ಸೇರಿಕೊಂಡ.

"ದೋಣಿ ಬಿಟ್ಟು ಕಾಲು ಬಾಡಿಗೆಗೆ ಕೊಡ್ತೀಯೇನೋ?" ಎಂದ ಬೋಯೆ. "ಹೋಗು. ಇನ್ನು ನನ್ನ ಹೊಸ್ತಿಲು ತುಳೀಬೇಡ."

ಊರಿನ ಬಾಯಲ್ಲಿ ಸೋವಾ 'ಬಾಡಿಗೆ ಕಾಲು' ಆದ. ಲಾಮಿಲೆ ಮಾರಲೆಂದು ಹುಳಿ ಬಂದ ಜೋಳದ ಹಿಟ್ಟಿನ ಕೆಂಕಿ ಮುದ್ದೆಗಳನ್ನು ಎಲೆಯಲ್ಲಿ ಸುತ್ತುತ್ತಾ ಕೂತರೆ ಗಿರಾಕಿಗಳೂ ಕೇಳೋರು, "ನಿನ್ ಗಂಡನ ಇನ್ನೊಂದು ಕಾಲಿಗೆಷ್ಟು ಬಾಡಿಗೆ ಮಾರಾಯ್ತಿ?" ಅಂತ. ಅವಳಿಗೂ ನಾಚಿಕೆಯೇ ಆಗಿತ್ತು, ಒಂದು ಮುಂಜಾನೆಯವರೆಗೆ.

ಆವತ್ತು ಅವನು ಎರಡು ಕಾಗದದ ಲೋಟ ತಂದು ಅವಳ ಮುಂದಿಟ್ಟ. ಮೇಲೆ ತೆಳು ಬಲೆ ಕಟ್ಟಿತ್ತು.

"ನೋಡು. ಇದು ಚರಂಡಿಯದು, ಬರೀ ತುರಿಕೆ. ಇನ್ನೊಂದು ನೋಡು, ಹೇಗೆ ಬಾಲ ಎತ್ಕೊಂಡು ನಿಂತಿದೆ."

"ನಿಂತ್ರೆ ಏನೀಗ?"

"ಇವಳೇ ಕಣೆ." ಅವನು ಲೋಟವನ್ನು ಬೆಳಕಿಗೆ ಹಿಡಿದ. "ನಮ್ಮ ಡೇಡೆ ಹತ್ರ ಬಂದಿದ್ದು ಇವಳೇ. ಇವಳು ಎಲ್ಲಿಂದ ಬರ್ತಾಳೆ, ಎಷ್ಟೊತ್ತಿಗೆ ಬರ್ತಾಳೆ, ಯಾವ ಔಷಧಿಗೆ ಸಾಯ್ತಾಳೆ, ಅದೆಲ್ಲ ಗೊತ್ತಾಗೋವರೆಗೂ ಏಳಲ್ಲ ನಾನು."

ಲಾಮಿಲೆ ಆ ಲೋಟವನ್ನು ಬಹಳ ಹೊತ್ತು ನೋಡಿದಳು. ಅಷ್ಟು ಸಣ್ಣದು. ಅಳು ಬಂತು, ಸಿಟ್ಟೂ ಬಂತು. ಆಮೇಲೆ ಯಾರಾದರೂ ಬಾಡಿಗೆ ಎಂದರೆ ಕೆಂಕಿ ಕೊಡದೆ ಕಳಿಸಿದಳು.

*

"ಚುಕ್ಕೆ ಹಾಕೋಕೆ ಬಣ್ಣ ಇದ್ಯೇನೋ?" ಲಾಮಿಲೆ ಸೆರಗು ಬಿಗಿದಳು.

ಅನಾಂಗ್ ಕಪ್ಪು ಬಣ್ಣದ ಡಬ್ಬಿ ತಂದ. ಕುಂಚ ಸಾಲದೆ ಹೆಂಗಸರು ಬೆರಳು ಅದ್ದಿದರು. ಮಾವುಸಿ ಪಕ್ಕದಲ್ಲಿ ಮೊಣಕಾಲೂರಿ, "ಇಲ್ಲಿ ಒಂದು, ಅಂಚಿಗೆ ಬನ್ನಿ, ಹಾಂ, ಸ್ವಲ್ಪ ದಪ್ಪ" ಎಂದು ತೋರಿಸಿಕೊಟ್ಟಳು. ಬೆಳ್ಳಿ ರೆಕ್ಕೆಯ ಮೇಲೆ ಚುಕ್ಕೆಗಳು ಮೂಡಿದವು. ಅಳಲೆಂದು ಬಂದಿದ್ದ ಅತ್ತೆಯಂದಿರ ಕೈಯೆಲ್ಲ ಕಪ್ಪು, ಒಬ್ಬಳ ಮೂಗಿನ ಮೇಲೂ ಕಪ್ಪು.

"ರೆಕ್ಕೆ ಸರಿಹೋಯ್ತು. ಬಾಲಕ್ಕೇನ್ಮಾಡ್ತೀಯ?" ಬೋಯೆ ಬಿಡುವವನಲ್ಲ. "ಮಾನ ಕಳೀಬೇಡ ಲಾಮಿಲೆ. ಮೀನು ತರಿಸ್ತೀನಿ."

ಲಾಮಿಲೆ ಕಪ್ಪು ಬೆರಳು ಅವನ ಕಡೆ ಚಾಚಿದಳು. ಗಂಡನ ಅಣ್ಣನಿಗೆ ಎದುರಾಡಿ ಅವಳಿಗೆ ಅಭ್ಯಾಸವಿಲ್ಲ. ಇವತ್ತು ಅಭ್ಯಾಸ ನೋಡುವ ಹೊತ್ತಲ್ಲ.

"ಭಾವ, ನಾಳೆ ನಿಮ್ಮನ್ನ ಚೋಟುದ್ದದ ಬೂತಾಯಿ ಮೀನಿನಲ್ಲಿಟ್ಟು, ಇದೂ ಮೀನೇ ಅಲ್ವಾ, ದೊಡ್ಡ ಟ್ಯೂನಾ ಅಂದ್ಕೊಂಡು ಮಲಗಿ ಅಂದ್ರೆ ಮಲಗ್ತೀರಾ?"

"ಎದ್ದು ಬಂದು ಒದೀತೀನಿ!"

ಜನ ಗೊಳ್ಳೆಂದರು.

"ಇವರೂ ಒದೀತಾರೆ. ಇದು ತುರಿಸೋ ಸೊಳ್ಳೆ, ಭಾವ. ಡೇಡೆನ ತಿಂದಿದ್ದು ಬಾಲ ಎತ್ತೋ ಸೊಳ್ಳೆ. ನಿಮ್ಮ ತಮ್ಮ ಮೂವತ್ತು ವರ್ಷ ಅದರ ಬೆನ್ನು ಹತ್ತಿದ್ರು. ಸಿಕ್ಕ ಸಿಕ್ಕ ಸೊಳ್ಳೆಗೆ ಕಾಲು ಕೊಡ್ಲಿಲ್ಲ."

ಬೋಯೆ ಕೈಲಿದ್ದ ಸಾರಾಯಿ ಸೀಸೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಡೇಡೆಗೋಸ್ಕರಾನಾ?" ಎಂದ ಕೊನೆಗೆ. "ನನಗ್ಯಾರೂ ಹೇಳ್ಲೇ ಇಲ್ವಲ್ಲ."

"ನೀವು ಕೇಳಿದ್ರಾ?"

ಬೋಯೆ ಮನೆಯೊಳಗೆ ಹೋದ. ತಮ್ಮನ ಮಂಚದ ಪಕ್ಕ ನಿಂತು ಏನು ಹೇಳಿದನೋ, ಏನು ಹೇಳಲಿಲ್ಲವೋ, ಬಾಗಿಲಲ್ಲಿದ್ದ ಹೆಂಗಸರು ಒಳಗೆ ಇಣುಕಲಿಲ್ಲ.

*

ಕಳೆದ ವರ್ಷ, ಉಸಿರು ಕಟ್ಟುವ ಕಾಯಿಲೆ ಆಗಲೇ ಹಿಡಿದಿದ್ದರೂ, ಸೋವಾ ಹಟ ಹಿಡಿದು, ಡೇಡೆಯ ನಂತರ ಹುಟ್ಟಿದ ಮಗಳು ಕೋರ್ಕೋರ್ ಜೊತೆ ಆಸ್ಪತ್ರೆಗೆ ಹೋಗಿದ್ದ. ಮೊಮ್ಮಗಳಿಗೆ ಮಲೇರಿಯಾ ಲಸಿಕೆ. ಸಾಲಿನಲ್ಲಿ ಓಣಿಯ ಅರ್ಧ ತಾಯಂದಿರಿದ್ದರು. ಸೂಜಿ ಚುಚ್ಚಿದಾಗ ಮಗು ಕಿರುಚಿದ್ದಕ್ಕಿಂತ ಜೋರಾಗಿ ಅಜ್ಜ ನಕ್ಕನಂತೆ. ನರ್ಸು ಬೈದು ಹೊರಗೆ ಕೂರಿಸಿದಳಂತೆ.

"ಇದನ್ನೂ ನೀವೇ ಕಂಡುಹಿಡಿದ್ರಿ ಅಂತಾರೆ ಓಣಿಯವರು," ಎಂದು ಲಾಮಿಲೆ ಕೆಣಕಿದಳು.

"ಹುಚ್ಚಿ! ಸಾವಿರ ಜನ ಬೇಯಿಸಿದ ಸಾರಿದು. ನಂದೊಂದು ಚಿಟಿಕೆ ಉಪ್ಪು." ಆಮೇಲೆ ಗಂಭೀರನಾದ. "ಲಸಿಕೆ ಆಯ್ತು ಅಂತ ಸೊಳ್ಳೆಪರದೆ ಬಿಚ್ಚಿಟ್ಟೀರಿ ಮತ್ತೆ. ಎರಡೂ ಇರ್ಬೇಕು." ಮಗುವಿನ ತೊಡೆಯ ಮೇಲಿದ್ದ ಹತ್ತಿಯನ್ನು ಮೆಲ್ಲಗೆ ಒತ್ತುತ್ತಾ, "ನಾನು ಸತ್ರೆ ಆ ಬಾಲ ಎತ್ತೋಳ ಪೆಟ್ಟಿಗೇಲೇ ಕಳಿಸ್ಬೇಕು ನೀನು. ನಾನು ಅವಳ ಮುಂದೆ ಸೋತು ಹೋಗ್ತಿಲ್ಲ ಅಂತ ಅಣ್ಣನಿಗೆ ಗೊತ್ತಾಗ್ಲಿ," ಎಂದ.

ಲಾಮಿಲೆ ಅವನ ತಲೆ ಮುಟ್ಟಿ ಮಾತು ಕೊಟ್ಟಿದ್ದಳು.

*

ಬೋಯೆ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಹೆಗಲ ಮೇಲಿನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದ. ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ ನೋಡಿದ, ಬಗ್ಗಿ ಕೆಳಗೂ ನೋಡಿದ.

"ಬಾಲ ಎಷ್ಟು ಎತ್ತರ ಇರ್ಬೇಕು?"

ಮಾವುಸಿ ಮೊಣಕೈ ಓರೆ ಮಾಡಿ ತೋರಿಸಿದಳು.

"ಅಷ್ಟೇನಾ? ಅಲೆಯಿಂದ ದೋಣಿ ಮೇಲೆಳೆಯೋವಾಗ ಇದಕ್ಕಿಂತ ಎತ್ತರ ಎತ್ತಿದ್ದೀವಿ. ಮರ ಚಪ್ಪಟೆ ಇದ್ರೆ ಇರ್ಲಿ, ಹೊರೋ ಕೈ ಓರೆ ಆದ್ರೆ ಸಾಕು. ಏಯ್, ನಮ್ಮ ದೋಣಿಯವರು ಬನ್ರೋ! ಉದ್ದ ಇರೋರು ಹಿಂದೆ, ಕುಳ್ಳರು ಮುಂದೆ!"

"ಯಜಮಾನ್ರೇ, ತಲೆ ತಗ್ಗಾಗತ್ತಲ್ಲ," ಅನಾಂಗ್ ಗಾಬರಿಯಾದ. "ಸೋವಾನ ನೆತ್ತಿ ಕೆಳಗಾಗತ್ತೆ!"

ಲಾಮಿಲೆಗೆ ಮಾತು ತಾನಾಗಿ ಬಂತು. "ತಲೆ ಬಾಲದ ಕಡೆ ಇಡಿ. ಕಾಲು ಸೊಳ್ಳೆ ಬಾಯಿ ಕಡೆ ಇರ್ಲಿ. ಬದುಕಿರೋವರೆಗೂ ಅಲ್ಲೇ ಇಟ್ಟಿದ್ರಲ್ಲ!"

ಮೊದಲು ನಕ್ಕವನು ಬೋಯೆ. ಅಂಗಳವೇ ನಕ್ಕಿತು, ಅತ್ತಿತು, ಯಾವುದು ಯಾವುದೆಂದು ಬಿಡಿಸಲು ಬಾರದ ಹಾಗೆ. ಸಾವಿನ ಮೆರವಣಿಗೆಗೆ ಬಂದಿದ್ದ ಕಹಳೆಯವರು ಯಾರ ಅಪ್ಪಣೆಗೂ ಕಾಯದೆ ಊದತೊಡಗಿದರು. ಪಾದ್ರಿ ಸೊಳ್ಳೆಯನ್ನು ಚರ್ಚಿನೊಳಗೆ ಬಿಡೆನೆಂದಿದ್ದವನು, ಅಂಗಳದಲ್ಲೇ ಪ್ರಾರ್ಥನೆ ಮುಗಿಸಿ ತಾನೂ ಮೆರವಣಿಗೆಗೆ ನಿಂತ.

ಸೋವಾನನ್ನು ತಂದು ಹಾಗೆಯೇ ಮಲಗಿಸಿ ರೆಕ್ಕೆ ಮುಚ್ಚಿದ ಮೇಲೆ ಬೋಯೆ ಸಾರಾಯಿ ಎರೆದ. "ಹಿರೀಕರೇ, ಬರ್ತಿರೋನು ನಿಮ್ಮ ಮಗ ಸೋವಾ. ದೋಣಿ ಬಿಟ್ಟ ಅಂತ ಬೈಬೇಡಿ. ಬೈದಿದ್ದು ನಾನು, ತಪ್ಪು ನಂದು. ಡೇಡೆನ ಕರ್ಕೊಂಡು ಬಂದು ಎದುರುಗೊಳ್ಳಿ." ಸೀಸೆ ಕೆಳಗಿಟ್ಟು, ಪೆಟ್ಟಿಗೆಯ ಮೂತಿಗೆ ತಾನೇ ಭುಜ ಕೊಟ್ಟ.

"ದೊಡ್ಡಪ್ಪ, ನಿಮ್ಮ ಮಂಡಿ!" ಎಂದಳು ಕೋರ್ಕೋರ್.

"ಮಂಡಿ ಇರೋದು ಬಗ್ಗೋಕೇ ತಾನೇ. ಎತ್ರೋ ಹಿಂದೆ! ಇನ್ನೂ ಎತ್ರೋ!"

ಬಾಲ ಎದ್ದಿತು. ಬೋಯೆ ಮತ್ತು ಮುಂದಿನವರು ಮಂಡಿ ಮಡಚಿ ಕುಕ್ಕರಗಾಲಲ್ಲಿ ಸಾಗಿದರು, ಹಿಂದಿನವರು ತೋಳು ನೆಟ್ಟಗೆ ಮಾಡಿ ನೆತ್ತಿಯ ಮೇಲೆ ಹಿಡಿದರು. ಚುಕ್ಕೆ ರೆಕ್ಕೆಯ ಸೊಳ್ಳೆ ತಲೆ ತಗ್ಗಿಸಿ, ಅಂಡೆತ್ತಿ, ಕಹಳೆಯ ತಾಳಕ್ಕೆ ಕುಣಿಯುತ್ತಾ ಓಣಿಗಿಳಿಯಿತು. ಮಾವುಸಿ ಕಣ್ಣೊರೆಸಿಕೊಂಡು, "ಈಗ ಸರಿ. ಈಗ ಅವಳೇ," ಎಂದಳು.

ಓಣಿಯ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿ ಬಾಗಿಲಿಗೆ ಬಂದರು. ದೊಡ್ಡ ರಸ್ತೆಯಲ್ಲಿ ವ್ಯಾನುಗಳು ನಿಂತವು. ಕಿಟಕಿಯಿಂದ ಕತ್ತು ಹೊರಹಾಕಿದವನೊಬ್ಬ ನಗುತ್ತಾ ಕೂಗಿದ, "ಏನ್ ಯಜಮಾನ್ರೇ ಇದು?"

ಮಣ್ಣಾದ ಮಂಡಿ, ಬೆವರಿಳಿಯುವ ಮುಖ, ಬೋಯೆ ನಿಲ್ಲದೆ ಕೂಗಿದ, ದಡಕ್ಕೆ ಬಲೆ ಎಳೆಯುವಾಗಿನ ಅದೇ ದನಿಯಲ್ಲಿ:

"ನನ್ನ ತಮ್ಮ ಹಿಡಿದಿದ್ದು!"

ಲಾಮಿಲೆ ಹಿಂದೆ ಅಳುತ್ತಾ ನಡೆಯಬೇಕಾದವಳು. ಅವಳ ಕಾಲು ಕೇಳಲಿಲ್ಲ, ಓಡಿ ಪೆಟ್ಟಿಗೆಯ ಪಕ್ಕಕ್ಕೆ ಬಂದಳು.

ಸ್ಮಶಾನದ ತಿರುವಿನಲ್ಲಿ ಕರೆಂಟ್ ತಂತಿ ಜೋತುಬಿದ್ದಿತ್ತು. ಬಾಲ ತಾಗುತ್ತದೆ, ಸ್ವಲ್ಪ ಇಳಿಸಿ ಎಂದು ಯಾರೋ ಕೂಗಿದರು.

"ಇಳಿಸ್ಬೇಡಿ!" ಲಾಮಿಲೆ ಮತ್ತು ಬೋಯೆ ಒಟ್ಟಿಗೇ ಕಿರುಚಿದರು.

ಪಕ್ಕದ ಅಂಗಡಿಯವ ಉದ್ದನೆಯ ಒಣ ಬಿದಿರು ತಂದ. ಇಬ್ಬರು ಸೇರಿ ಅದರ ತುದಿಯಿಂದ ತಂತಿಯನ್ನು ಆಕಾಶದ ಕಡೆ ಎತ್ತಿ ಹಿಡಿದರು, ಅದರಡಿ ಸೋವಾನ ಸೊಳ್ಳೆ ಬಾಲ ಒಂದಿಷ್ಟೂ ತಗ್ಗಿಸದೆ ದಾಟಿ ಹೋಯಿತು.